ಹಳೆ ಲ್ಯಾಪ್‌ಟಾಪು, ಡೆಬಿಯನ್, ಒಂದು ಮೈಕ್ರೊಬಿಟೆಕ್ಸ್: ಎಫ್‌ಟಿ8ಗೆ ಇಳಿಯುವ ದಾರಿ

ನಮ್ಮ ಸಾಗರದ ಮನೆಗೆ ರೇಡಿಯೊ ನೋಡಲೆಂದು ಬರುವ ಪಾಲಿಟೆಕ್ನಿಕ್ ಹುಡುಗರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಸರ್, ಇದೆಲ್ಲ ವಿಂಡೋಸ್‌ನಲ್ಲಿ ಆಗಲ್ವಾ?” ಆಗುತ್ತದೆ. ಆದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊಗಾರ, ಆದವನಿಗೆ ರೇಡಿಯೊ ಕೆಲಸ ಮಾಡಿದರಷ್ಟೇ ಸಾಲದು, ಮಾಡದಿದ್ದಾಗ ಯಾಕೆ ಮಾಡುತ್ತಿಲ್ಲ ಅನ್ನುವುದೂ ಗೊತ್ತಾಗಬೇಕು. ಆಂಟೆನಾದಿಂದ ಹಿಡಿದು ಪರದೆಯ ಮೇಲಿನ ಅಕ್ಷರದವರೆಗೆ ಸಂಕೇತ ಸಾಗುವ ದಾರಿಯನ್ನು ಒಂದೊಂದೇ ಹಂತ ಬಿಚ್ಚಿ ನೋಡಲು ಬಿಡುವುದು ಮುಕ್ತ ತಂತ್ರಾಂಶ. ಅದಕ್ಕೇ ನಾನು ಅದನ್ನು ಹಿಡಿದುಕೊಂಡಿದ್ದೇನೆ. ಇಲ್ಲಿ ಹೇಳಹೊರಟಿರುವುದು ಎಫ್‌ಟಿ8 ಬಗ್ಗೆ: ಕಂಪ್ಯೂಟರಿನ ನೆರವಿನಿಂದ ಚುಟುಕು ಸಂದೇಶಗಳನ್ನು ರೇಡಿಯೊದಲ್ಲಿ ಕಳಿಸುವ ವಿಧಾನ ಅದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಸಾರ ಮಾಡಲು ಪರವಾನಗಿ ಮತ್ತು ನಿಮ್ಮದೇ ಕರೆಸಂಕೇತ ಬೇಕೇ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪಾಸಾಗಿ, ಅರ್ಜಿ ಹಾಕಿ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ಕರೆಸಂಕೇತ ಕೈಗೆ ಬರುವ ತನಕ ಕೆಳಗಿನ ಪ್ರಸಾರದ ಭಾಗವನ್ನು ಓದಿಟ್ಟುಕೊಳ್ಳಿ, ಮಾಡಬೇಡಿ.

ಯಂತ್ರ ಮತ್ತು ರೇಡಿಯೊ

ಲ್ಯಾಪ್‌ಟಾಪ್ ಹಳೆಯದಿರಲಿ, 4 ಜಿಬಿ ರ‍್ಯಾಮ್ ಇದ್ದರೆ ಧಾರಾಳ ಸಾಕು. ನಾನು ಹಾಕಿಸುವುದು ಡೆಬಿಯನ್ ಎಂಬ ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನೊಂದಿಗೆ. ಹ್ಯಾಮ್‌ಗಳಿಗೆ ಬೇಕಾದದ್ದೆಲ್ಲ ಅದರ ತಂತ್ರಾಂಶ ಭಂಡಾರದಲ್ಲೇ ಇದೆ. ತೀರಾ ಹಳೆಯ 32 ಬಿಟ್ ಯಂತ್ರವಾದರೆ ಡೆಬಿಯನ್ 12ನ್ನೇ ಆರಿಸಿ, 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೇಳಿದರೆ ಖಾಲಿ ಬಿಡಿ. ಆಗ ನಿಮ್ಮ ಖಾತೆಗೇ ಸುಡೊ, ಅಂದರೆ ಯಂತ್ರದ ಮೇಲ್ವಿಚಾರಕನ, ಅಧಿಕಾರ ಸಿಗುತ್ತದೆ, ಮುಂದಿನ ಕೆಲಸ ಸಲೀಸು.

ರೇಡಿಯೊ ಯಾವುದಾದರೂ ಆಗಬಹುದು. ನಾನು ಮೈಕ್ರೊಬಿಟೆಕ್ಸ್ ಇಟ್ಟುಕೊಂಡೇ ವಿವರಿಸುತ್ತೇನೆ. ಹೈದರಾಬಾದಿನ ಅಶರ್ ಫರ್ಹಾನ್, ಕರೆಸಂಕೇತ ವಿಯು2ಇಎಸ್‌ಇ, ವಿನ್ಯಾಸ ಮಾಡಿದ ರೇಡಿಯೊ ಇದು. ಸರ್ಕ್ಯೂಟ್ ನಕ್ಷೆಯೂ ಒಳಗಿನ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಪ್ರೋಗ್ರಾಮೂ ಎಲ್ಲರಿಗೂ ಮುಕ್ತ. 40 ಮೀಟರ್ ಬ್ಯಾಂಡಿನಲ್ಲಿ ಸುಮಾರು 10 ವ್ಯಾಟ್ ಕೊಡುತ್ತದೆ, ಮೇಲಿನ ಬ್ಯಾಂಡುಗಳಲ್ಲಿ ಕಡಿಮೆ. ನಾವು ಮಾಡಲು ಹೊರಟ ಎಫ್‌ಟಿ8ಗೆ 5 ವ್ಯಾಟೇ ಹೆಚ್ಚು.

ಆಂಟೆನಾಕ್ಕೆ ತಾಮ್ರದ ತಂತಿಯ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ಸಮ ತೋಳುಗಳ ಆಂಟೆನಾ, ಕಟ್ಟಿ. 40 ಮೀಟರ್ ಬ್ಯಾಂಡಿನಲ್ಲಿ ಎಫ್‌ಟಿ8 ನಡೆಯುವ 7.074 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ತಂತಿ, ಅಂದರೆ ಆ ಕಡೆ 10, ಈ ಕಡೆ 10. ಕಟ್ಟಿದ ಮೇಲೆ ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆ ಎಂಬ ಅಳತೆ) ನೋಡುತ್ತ ತುದಿ ಕತ್ತರಿಸಿ ಹೊಂದಿಸಬೇಕಾಗುತ್ತದೆ, ಹಾಗಾಗಿ ಒಂದು ಗೇಣು ಉದ್ದವೇ ಇಟ್ಟುಕೊಳ್ಳಿ. ನಮ್ಮಲ್ಲಿ ಒಂದು ತುದಿ ಹಲಸಿನ ಮರಕ್ಕೆ, ಇನ್ನೊಂದು ಕೊಟ್ಟಿಗೆಯ ಮಾಡಿಗೆ. ಏಪ್ರಿಲ್‌–ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿತೆಂದರೆ ಗುಡುಗು ಕೇಳುವ ತನಕ ಕಾಯದೆ ಆಂಟೆನಾದಿಂದ ಬರುವ ಕೋಆಕ್ಸ್ ಕೇಬಲನ್ನು ರೇಡಿಯೊದಿಂದ ತೆಗೆದು ಮನೆಯ ಹೊರಗೆ ಹಾಕಿ.

ತಂತ್ರಾಂಶ

ಸಿನಾಪ್ಟಿಕ್ ಎಂಬ ಪ್ಯಾಕೇಜ್ ವ್ಯವಸ್ಥಾಪಕ ತೆರೆದು ಡಬ್ಲ್ಯುಎಸ್‌ಜೆಟಿ-ಎಕ್ಸ್ (ಎಫ್‌ಟಿ8 ನಡೆಸಲು), ಕ್ರೋನಿ (ಗಡಿಯಾರ ಸರಿಯಿಡಲು), ಪ್ಯಾವುಕಂಟ್ರೋಲ್ (ಶಬ್ದ ಹೊಂದಿಸಲು) ಈ ಮೂರನ್ನು ಹುಡುಕಿ ಗುರುತು ಹಾಕಿ, ‘ಅಪ್ಲೈ’ ಒತ್ತಿ. ಭಂಡಾರದ ಆವೃತ್ತಿ ತುಸು ಹಳೆಯದಿರುತ್ತದೆ. ಎಫ್‌ಟಿ8ಗೆ ಅದರಿಂದ ಏನೂ ತೊಂದರೆ ಇಲ್ಲ.

ಡಬ್ಲ್ಯುಎಸ್‌ಜೆಟಿ-ಎಕ್ಸ್ ಹಿಂದಿನ ಮುಖ್ಯ ಹೆಸರು ಜೋ ಟೇಲರ್, ಕೆ1ಜೆಟಿ. ಪಲ್ಸಾರ್ ಜೋಡಿಯ ಸಂಶೋಧನೆಗೆ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ಗದ್ದಲದ ಅಡಿಯಲ್ಲಿ ಹೂತುಹೋದ ಕ್ಷೀಣ ಸಂಕೇತ ಎತ್ತುವ ವಿದ್ಯೆಯನ್ನು ಹ್ಯಾಮ್‌ಗಳಿಗೆ ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಸ್ಟೀವ್ ಫ್ರಾಂಕ್ ಜೊತೆ ಸೇರಿ 2017ರಲ್ಲಿ ಎಫ್‌ಟಿ8 ತಂದರು. 15 ಸೆಕೆಂಡಿಗೊಂದು ಸರದಿ, ಎಂಟು ಸ್ವರ, ಬರೀ 50 ಹರ್ಟ್ಸ್ ಅಗಲ. ಕಿವಿಗೆ ಏನೂ ಕೇಳಿಸದ ಕಡೆಯೂ ಪರದೆಯ ಮೇಲೆ ಯಾವುದೋ ದೇಶದ ಕರೆಸಂಕೇತ ಮೂಡುತ್ತದೆ.

ಪೋರ್ಟ್ ಸಿಗದ ತಲೆಬಿಸಿ

ಹೊಸಬರು ಕೈಚೆಲ್ಲುವುದು ಇಲ್ಲಿ. ಆದ್ದರಿಂದ ಇಲ್ಲಿ ನಿಧಾನ ಮಾಡೋಣ.

ಲ್ಯಾಪ್‌ಟಾಪ್ ರೇಡಿಯೊಗೆ ಆದೇಶ ಕಳಿಸುವುದು ಸೀರಿಯಲ್ ಪೋರ್ಟಿನ ಮೂಲಕ. ಡೆಬಿಯನ್‌ನಲ್ಲಿ ಅದನ್ನು ಮುಟ್ಟುವ ಹಕ್ಕು ಸಾಮಾನ್ಯ ಬಳಕೆದಾರರಲ್ಲಿ ಇರುವುದು ಡಯಲ್‌ಔಟ್ ಎಂಬ ಗುಂಪಿನ ಸದಸ್ಯರಿಗೆ ಮಾತ್ರ. ಟರ್ಮಿನಲ್ ತೆರೆದು ಸುಡೊ, ಆಡ್‌ಯೂಸರ್, ನಿಮ್ಮ ಲಾಗಿನ್ ಹೆಸರು, ಡಯಲ್‌ಔಟ್ ಈ ನಾಲ್ಕು ಪದಗಳನ್ನು ಇದೇ ಕ್ರಮದಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಟ್ಟು ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಈ ಲಾಗ್‌ಔಟ್ ಬಿಟ್ಟರೆ ಗುಂಪಿಗೆ ಸೇರಿದ್ದು ಜಾರಿಗೆ ಬರುವುದಿಲ್ಲ.

ಈಗ ರೇಡಿಯೊದ ಯುಎಸ್‌ಬಿ ತಂತಿ ಚುಚ್ಚಿ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಸೆಟ್ಟಿಂಗ್ಸ್‌ನ ಪೋರ್ಟಿನ ಪಟ್ಟಿಯಲ್ಲಿ ಟಿಟಿವೈಯುಎಸ್‌ಬಿ0 ಎಂಬ ಹೆಸರು ಕಾಣಬೇಕು. ಒಂದು ಕ್ಷಣ ಕಂಡು ಮಾಯವಾದರೆ ಕಾರಣ ಬಹುಮಟ್ಟಿಗೆ ಬಿಆರ್‌ಎಲ್‌ಟಿಟಿವೈ. ಇದು ಬ್ರೈಲ್ ಪರದೆಗಳಿಗಾಗಿ ಇರುವ ಪ್ರೋಗ್ರಾಂ. ಅಗ್ಗದ ನ್ಯಾನೊಗಳಲ್ಲಿರುವ ಸಿಎಚ್340 ಎಂಬ ಯುಎಸ್‌ಬಿ ಚಿಪ್ಪನ್ನು ಬ್ರೈಲ್ ಸಾಧನವೆಂದು ತಿಳಿದು ತಾನೇ ಹಿಡಿದುಕೊಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲದಿದ್ದರೆ ಸಿನಾಪ್ಟಿಕ್‌ನಲ್ಲಿ ಅದನ್ನು ತೆಗೆದುಹಾಕಿ. ಕಣ್ಣು ಕಾಣದ ಹ್ಯಾಮ್ ಗೆಳೆಯರ ಯಂತ್ರವಾದರೆ ದಯವಿಟ್ಟು ತೆಗೆಯಬೇಡಿ. ಆ ಒಂದು ಚಿಪ್ಪಿನ ಸಾಲನ್ನು ಮಾತ್ರ ಅದರ ಯುಡೆವ್ ನಿಯಮದಲ್ಲಿ (ಚುಚ್ಚಿದ ಸಾಧನವನ್ನು ಯಾವ ಪ್ರೋಗ್ರಾಂ ಹಿಡಿಯಬೇಕೆಂದು ಹೇಳುವ ಕಡತ) ನಿಷ್ಕ್ರಿಯಗೊಳಿಸಿ.

ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೇಡಿಯೊ’ ಪುಟಕ್ಕೆ ಹೋಗಿ. ಮೈಕ್ರೊಬಿಟೆಕ್ಸ್ ಯೇಸು ಎಫ್‌ಟಿ-817ರ ಭಾಷೆಯಲ್ಲೇ ಮಾತಾಡುವುದರಿಂದ ರಿಗ್ ಆಗಿ ಅದನ್ನೇ ಆರಿಸಿ, ಬಾಡ್ ರೇಟ್ 38400 ಇಡಿ. ಪಿಟಿಟಿ, ಅಂದರೆ ಪ್ರಸಾರ ಶುರು ಮಾಡುವ, ವಿಧಾನ ‘ಕ್ಯಾಟ್’ (ಕಂಪ್ಯೂಟರಿನಿಂದ ರೇಡಿಯೊ ನಿಯಂತ್ರಣ), ಮೋಡ್ ‘ನನ್’. ‘ಟೆಸ್ಟ್ ಕ್ಯಾಟ್’ ಒತ್ತಿ. ಪೋರ್ಟ್ ತೆರೆದ ಕೂಡಲೇ ಆರ್ಡುಯಿನೊ ಒಮ್ಮೆ ರೀಸೆಟ್ ಆಗುವುದು ಸಹಜ, ರೇಡಿಯೊದ ಪರದೆ ಆರಿ ಮತ್ತೆ ಹತ್ತುತ್ತದೆ, ಗುಂಡಿ ಕೆಂಪಾಗಬಹುದು. ಎರಡು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಒತ್ತಿದರೆ ಹಸಿರು. ರೇಡಿಯೊದಲ್ಲಿ ಯುಎಸ್‌ಬಿ, ಅಂದರೆ ಅಪ್ಪರ್ ಸೈಡ್‌ಬ್ಯಾಂಡ್, ಕೈಯಾರೆ ಹಾಕಿ. 40 ಮೀಟರಿನಲ್ಲಿ ಮಾತಿಗೆ ಲೋಯರ್ ಬಳಸುವ ವಾಡಿಕೆ ಇದ್ದರೂ ಎಫ್‌ಟಿ8 ಎಲ್ಲ ಬ್ಯಾಂಡಿನಲ್ಲೂ ಅಪ್ಪರ್.

ಶಬ್ದದ ಮಟ್ಟ

ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡನ್ನು ಇದಕ್ಕೆ ಬಳಸಬೇಡಿ. ಅಂಗಡಿಯಲ್ಲಿ ಸಿಗುವ ಪುಟ್ಟ ಯುಎಸ್‌ಬಿ ಸೌಂಡ್ ಡಾಂಗಲ್ ತಂದು ರೇಡಿಯೊಗೆಂದೇ ಮೀಸಲಿಡಿ. ರೇಡಿಯೊದ ಇಯರ್‌ಫೋನ್ ಜಾಕಿನಿಂದ ಡಾಂಗಲಿನ ಮೈಕ್‌ಗೆ ಒಂದು ತಂತಿ, ಡಾಂಗಲಿನ ಹೆಡ್‌ಫೋನಿನಿಂದ ರೇಡಿಯೊದ ಮೈಕ್‌ಗೆ ಇನ್ನೊಂದು. ಈ ಎರಡನೆಯದರಲ್ಲಿ 10ಕೆ ಮತ್ತು 1ಕೆ ರೆಸಿಸ್ಟರುಗಳ ವಿಭಾಜಕ ಹಾಕಿ ಮಟ್ಟ ಇಳಿಸಿ, ಸರಣಿಯಲ್ಲಿ ಒಂದು 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ. ಮೈಕ್‌ಗೆಂದು ರೇಡಿಯೊ ಕೊಡುವ ಡಿಸಿ ಆಗ ಡಾಂಗಲಿಗೆ ಹೋಗುವುದಿಲ್ಲ. ಮೈಕ್ ಜಾಕಿನ ಯಾವ ಭಾಗ ಯಾವುದಕ್ಕೆ ಎಂಬುದನ್ನು ನಿಮ್ಮ ಬೋರ್ಡಿನ ಆವೃತ್ತಿಯ ನಕ್ಷೆಯಲ್ಲೇ ನೋಡಿ.

ಪ್ಯಾವುಕಂಟ್ರೋಲ್ ತೆರೆದು ಲ್ಯಾಪ್‌ಟಾಪಿನ ಕಾರ್ಡನ್ನೇ ಪೂರ್ವನಿಯೋಜಿತವಾಗಿ ಉಳಿಸಿ, ಡಾಂಗಲನ್ನು ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ‘ಆಡಿಯೊ’ ಪುಟದಲ್ಲಿ ಮಾತ್ರ ಆರಿಸಿ. ಹೀಗೆ ಮಾಡದಿದ್ದರೆ ಮೇಲ್ ಬಂದಾಗಿನ ಟಿಂಗ್ ಎಂಬ ಸದ್ದೂ ಆಕಾಶಕ್ಕೆ ಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ, ಎಫ್6 ಒತ್ತಿ ಡಾಂಗಲ್ ಆರಿಸಿ. ‘ಆಟೊ ಗೇನ್ ಕಂಟ್ರೋಲ್’ ಎಂಬ ಅಂಕಣ ಕಂಡರೆ ಅದರ ಮೇಲೆ ನಿಂತು ಎಂ ಕೀಲಿ ಒತ್ತಿ ಬಂದ್ ಮಾಡಿಬಿಡಿ. ಅದು ಚಾಲೂ ಇದ್ದರೆ ಒಬ್ಬ ಗಟ್ಟಿಯಾಗಿ ಕೂಗಿದಾಗ ಇಡೀ ಬ್ಯಾಂಡೇ ಕುಗ್ಗುತ್ತದೆ, ಪಿಸುಗುಡುವವರು ಹೋಗಿಬಿಡುತ್ತಾರೆ.

ಸಂಕೇತವಿಲ್ಲದ ಬ್ಯಾಂಡಿನಲ್ಲಿ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಎಡಗಡೆಯ ಮಟ್ಟದ ಕಡ್ಡಿ 30 ಡಿಬಿ ಆಸುಪಾಸು ನಿಲ್ಲಬೇಕು. ಈಗ ವಾಟರ್‌ಫಾಲ್, ಅಂದರೆ ಬ್ಯಾಂಡಿನ ಸಂಕೇತಗಳನ್ನು ಬಣ್ಣದ ಎಳೆಗಳಾಗಿ ತೋರಿಸುವ ಕಿಟಕಿ, ನೋಡುತ್ತ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಮ್ಮಲ್ಲಿ ಹಾಗೆ ಮಾಡಿದಾಗ ಹಳದಿ ಪಟ್ಟೆಗಳ ಸಾಲೇ ಅಳಿಸಿಹೋಗಿ, ಅಡಿಯಲ್ಲಿದ್ದ ಎಳೆಗಳು ಕಾಣಿಸಿದವು. ಆಮೇಲೆ ಇನ್ವರ್ಟರ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದನ್ನೇ ಬಂದ್ ಮಾಡಿ ಪರೀಕ್ಷಿಸಿ. ದುಬಾರಿ ಆಂಟೆನಾ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ನನ್ನ ರೇಡಿಯೊ 12 ವೋಲ್ಟ್ ಬ್ಯಾಟರಿಯ ಮೇಲೆ, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತವೆ.

ಪ್ರಸಾರಕ್ಕೆ ಆಂಟೆನಾದ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಗಾಳಿಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ ‘ಟ್ಯೂನ್’ ಒತ್ತಿ, ‘ಪವರ್’ ಜಾರುಗುಂಡಿಯನ್ನು ಕೆಳಗಿಳಿಸುತ್ತ ಬನ್ನಿ. ಶಕ್ತಿ ಇಳಿಯಲು ಶುರುವಾದ ಬಿಂದುವಿಗಿಂತ ಇನ್ನೂ ಕೆಳಗೆ, 5 ವ್ಯಾಟ್ ಒಳಗೆ ನಿಲ್ಲಿಸಿ. ಸರದಿಯಲ್ಲಿ 12.64 ಸೆಕೆಂಡ್ ಪೂರ್ತಿ ಶಕ್ತಿ ಹೊರಹೋಗುತ್ತದೆ, ಮಾತಿನಂತೆ ನಡುವೆ ಬಿಡುವಿಲ್ಲ. ಕೊನೆಯ ಹಂತದ ಎರಡು ಐಆರ್‌ಎಫ್510 ಟ್ರಾನ್ಸಿಸ್ಟರುಗಳು ಕಾಯುತ್ತವೆ. ಹೀಟ್‌ಸಿಂಕ್ ಮುಟ್ಟಿ ನೋಡುತ್ತಿರಿ. ಬೆರಳಿಡಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ.

ಗಡಿಯಾರ, ಆಮೇಲೆ ಮೊದಲ ಕರೆ

ಎಫ್‌ಟಿ8ಗೆ ಎಲ್ಲರ ಗಡಿಯಾರ ಒಂದಾಗಿರಬೇಕು. ಇಂಟರ್‌ನೆಟ್ ಇದ್ದರೆ ಕ್ರೋನಿ ತಾನಾಗಿ ನೋಡಿಕೊಳ್ಳುತ್ತದೆ. ಕೇಳಿಸಿದವರ ಪಟ್ಟಿಯಲ್ಲಿ ‘ಡಿಟಿ’ ಎಂಬ ಅಂಕಣವಿದೆ, ಸಮಯದ ವ್ಯತ್ಯಾಸ ಸೆಕೆಂಡಿನಲ್ಲಿ. ಒಬ್ಬಿಬ್ಬರದು ಮಾತ್ರ ಹೆಚ್ಚುಕಡಿಮೆ ಇದ್ದರೆ ಅದು ಅವರ ಗಡಿಯಾರದ ದೋಷ. ಎಲ್ಲರದೂ +1.5ರ ಸುತ್ತ ತೋರಿಸಿದರೆ ನಿಮ್ಮ ಗಡಿಯಾರ ಮುಂದಿದೆ ಎಂದರ್ಥ. ಮಳೆಗಾಲದಲ್ಲಿ ನಮ್ಮೂರಿನ ಕಡೆ ನೆಟ್‌ವರ್ಕ್ ಮಲಗಿದರೆ ಏಳುವುದು ಯಾವಾಗ ಎಂದು ಹೇಳಲಾಗದು. ಅದಕ್ಕೆ ಯುಎಸ್‌ಬಿ ಜಿಪಿಎಸ್ ಒಂದನ್ನು ಕಿಟಕಿಯ ಹತ್ತಿರ ಇಟ್ಟು ಜಿಪಿಎಸ್‌ಡಿ ಎಂಬ ಪ್ರೋಗ್ರಾಂ ಮೂಲಕ ಕ್ರೋನಿಗೆ ಸಮಯ ಉಣಿಸುತ್ತೇನೆ. ಎಫ್‌ಟಿ8ಗೆ ಬೇಕಾದ ನಿಖರತೆ ಅದರಲ್ಲೇ ಬರುತ್ತದೆ. ನೆಟ್ ಬಿದ್ದ ದಿನವೇ ರೇಡಿಯೊ ನಿಜಕ್ಕೂ ಬೇಕಾಗುವುದು. ಆ ದಿನಕ್ಕೆ ಸಿದ್ಧವಿಲ್ಲದ ಏರ್ಪಾಡಿನ ಮೇಲೆ ನನಗೆ ನಂಬಿಕೆ ಇಲ್ಲ.

ಸೆಟ್ಟಿಂಗ್ಸ್‌ನ ಮೊದಲ ಪುಟದಲ್ಲಿ ಕರೆಸಂಕೇತ ಮತ್ತು ಗ್ರಿಡ್, ಅಂದರೆ ನಿಮ್ಮ ಊರು ಭೂಪಟದ ಯಾವ ಚೌಕದಲ್ಲಿದೆ ಎಂಬ ಗುರುತು, ತುಂಬಿ. ಸಾಗರಕ್ಕೆ ಎಂಕೆ74, ಶಿವಮೊಗ್ಗಕ್ಕೆ ಎಂಕೆ73, ಬೆಂಗಳೂರು ಮೈಸೂರು ಎರಡಕ್ಕೂ ಎಂಕೆ82, ಮಂಗಳೂರಿಗೆ ಎಂಕೆ72. ಒಂದು ಸಂಜೆ ಪೂರ್ತಿ ಬರೀ ಕೇಳಿ. ವಾಟರ್‌ಫಾಲ್‌ನಲ್ಲಿ ಯಾರೂ ಇಲ್ಲದ ಖಾಲಿ ಜಾಗ ನೋಡಿಕೊಂಡು ಅಲ್ಲಿ ನಿಮ್ಮ ಪ್ರಸಾರದ ಗುರುತು ಇಡಿ. ಸಿಕ್ಯು, ಅಂದರೆ ಯಾರಾದರೂ ಉತ್ತರಿಸಿ ಎಂಬ ಕರೆ, ಹಾಕಿದವರ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಉತ್ತರ ತಾನೇ ಹೊರಡುತ್ತದೆ. ನಿಮ್ಮ ಗ್ರಿಡ್, ಸಂಕೇತದ ಬಲದ ಬಗ್ಗೆ ಅವರ ವರದಿ, ನಿಮ್ಮ ವರದಿ, ಕೊನೆಗೆ 73, ಅಂದರೆ ಶುಭಾಶಯ. ಉತ್ತರ ಬರಲಿಲ್ಲವೆಂದು ಒಂದೇ ಸಮನೆ ಕರೆಯಬೇಡಿ. ಪಿಎಸ್‌ಕೆ ರಿಪೋರ್ಟರ್ ನಕ್ಷೆಯಲ್ಲಿ ನಿಮ್ಮ ಕರೆಸಂಕೇತ ಹುಡುಕಿದರೆ ಎಲ್ಲೆಲ್ಲಿ ಕೇಳಿಸುತ್ತಿದ್ದೀರಿ ಎಂಬುದು ಕಾಣುತ್ತದೆ.

ಪರೀಕ್ಷೆಗೆ ಇನ್ನೂ ಓದುತ್ತಿರುವವರಿಗೆ

ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತನ್ನಿ, ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ಗ್ರಾಹಕ ಅದು. ಸಿನಾಪ್ಟಿಕ್‌ನಲ್ಲಿ ಜಿಕ್ಯುಆರ್‌ಎಕ್ಸ್ (ಡಾಂಗಲಿನಿಂದ ಕೇಳಲು) ಮತ್ತು ಜಿಪ್ರೆಡಿಕ್ಟ್ (ಉಪಗ್ರಹಗಳ ಜಾಡು ಹಿಡಿಯಲು) ಹಾಕಿಕೊಳ್ಳಿ, ಎರಡನ್ನೂ ಬರೆದವರು ಅಲೆಕ್ಸಾಂಡ್ರು ಸೆಟೆ. ಡಾಂಗಲನ್ನು ಟಿವಿ ಸಾಧನವೆಂದು ಕರ್ನೆಲ್ ಹಿಡಿದುಕೊಂಡಿದ್ದರೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಜಿಪ್ರೆಡಿಕ್ಟ್‌ನಲ್ಲಿ ನಿಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಬರುವ ಹೊತ್ತು ಹೇಳುತ್ತದೆ. ಅದರಲ್ಲಿರುವ ಹ್ಯಾಮ್ ಪುನರಾವರ್ತಕ (ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ರೇಡಿಯೊ) ಚಾಲೂ ಇದ್ದಾಗ 437.800 ಮೆಗಾಹರ್ಟ್ಸ್‌ನಲ್ಲಿ ಮಾತು ಕೇಳಬಹುದು. ಡಾಪ್ಲರ್ ಪರಿಣಾಮದಿಂದ, ಅಂದರೆ ನಿಲ್ದಾಣದ ವೇಗದಿಂದ, ಆವರ್ತನ ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿಯುತ್ತದೆ. ಜಿಕ್ಯುಆರ್‌ಎಕ್ಸ್‌ನ ರಿಮೋಟ್ ಕಂಟ್ರೋಲ್ ಚಾಲೂ ಮಾಡಿ, ಜಿಪ್ರೆಡಿಕ್ಟ್‌ನ ರೇಡಿಯೊ ಪುಟದಲ್ಲಿ ಪೋರ್ಟ್ 7356 ಕೊಟ್ಟರೆ ಆ ತಿದ್ದುಪಡಿಯನ್ನು ಎರಡೂ ಮಾತಾಡಿಕೊಂಡು ಮಾಡುತ್ತವೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಇಸ್ರೊ ಹಾರಿಸಿದ ನಮ್ಮ ಹ್ಯಾಮ್‌ಗಳ ಉಪಗ್ರಹ ಹ್ಯಾಮ್‌ಸ್ಯಾಟ್ 2014ರವರೆಗೆ ಕೆಲಸ ಮಾಡಿತು. ಅಂಥದ್ದು ಮತ್ತೊಂದು ಬೇಕೆಂಬ ಆಸೆ ನನ್ನದು.

ಲಾಗ್, ಅಂದರೆ ಸಂಪರ್ಕಗಳ ದಾಖಲೆ, ವಿಷಯ ಚುಟುಕಾಗಿ: ಸಮಯವನ್ನು ಯುಟಿಸಿ ಎಂಬ ವಿಶ್ವ ಸಮಯದಲ್ಲೇ ಬರೆಯಿರಿ, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಆಯಿತು. ಡಬ್ಲ್ಯುಎಸ್‌ಜೆಟಿ-ಎಕ್ಸ್ ಪ್ರತಿ ಸಂಪರ್ಕವನ್ನೂ ಎಡಿಐ ಕಡತದಲ್ಲಿ ಬರೆದಿಡುತ್ತದೆ. ಅದನ್ನು ಸಿಕ್ಯುಆರ್‌ಲಾಗ್ ಅಥವಾ ಕೆಲಾಗ್ ಎಂಬ ಲಾಗ್ ಪ್ರೋಗ್ರಾಂಗೆ ಆಮದು ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಆ ಕಡತವನ್ನೂ ಸೆಟ್ಟಿಂಗ್ಸ್ ಕಡತವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಡಿ. ಹಾರ್ಡ್‌ಡಿಸ್ಕ್ ಹೋದರೂ ಇನ್ನೊಂದು ಹಳೆ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಹಾಕಿ ಅದೇ ಸಂಜೆ ಬ್ಯಾಂಡಿಗೆ ಮರಳಬಹುದು.