ಹೆಗಲು ಕೈಕೊಟ್ಟ ಮೇಲೆ ಜಿಂಕೆ ಬೇಟೆ: ಮಿಚಿಗನ್‌ನಲ್ಲಿ ನಾನು ಬದಲಿಸಿಕೊಂಡ ಕ್ರಮ

ಬಲ ಹೆಗಲಿನ ರೋಟೇಟರ್ ಕಫ್ (ತೋಳನ್ನು ಹೆಗಲಿಗೆ ಹಿಡಿದಿಡುವ ಸ್ನಾಯುಗಳ ಪಟ್ಟಿ) ಹರಿದು ಶಸ್ತ್ರಚಿಕಿತ್ಸೆ ಆದ ಮೇಲೆ ನಾನು ಮೊದಲು ನಿಲ್ಲಿಸಿದ್ದು ಮರ ಹತ್ತುವುದನ್ನು. ಬಹಳ ಮಂದಿ ಬಿಲ್ಲಿನ ಬಿಗಿ ಇಳಿಸಿಕೊಂಡು, ಮರದ ಮೇಲಿನ ಅದೇ ಹಳೆಯ ಅಟ್ಟಣೆಗೆ ಹತ್ತುತ್ತಾರೆ. ಅದು ಸರಿಯಲ್ಲ. ಬೇಟೆಯ ದಿನ ಹೆಗಲಿಗೆ ಭಾರ ಬೀಳುವ ಜಾಗ ಹತ್ತಾರು ಇವೆ. ಹೆದೆ ಎಳೆಯುವುದು ಅವುಗಳಲ್ಲಿ ಒಂದು, ಅಷ್ಟೇ. ಮನೆಯಿಂದ ಹೊರಟಾಗಿನಿಂದ ಮಾಂಸ ಫ್ರಿಜ್ ಸೇರುವ ತನಕ ಆ ಒಂದೊಂದು ಜಾಗದಲ್ಲೂ ಭಾರ ಇಳಿಸಿಕೊಂಡರೆ ಮಾತ್ರ ಕೆಲಸ ಆಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಬರೆದಿರುವುದೆಲ್ಲ ಅಮೆರಿಕದ ಮಿಚಿಗನ್ ರಾಜ್ಯದ ಲೋವರ್ ಪೆನಿನ್ಸುಲಾದಲ್ಲಿ, ಲೈಸೆನ್ಸ್ ತೆಗೆದು, ಜಮೀನಿನ ಒಡೆಯರ ಒಪ್ಪಿಗೆ ಪಡೆದು, ಬಿಳಿಬಾಲದ ಜಿಂಕೆಯ ಮೇಲೆ ಆಡುವ ಬೇಟೆಯ ಮಾತು. ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರ ತನಕ, ಆಮೇಲೆ ನವೆಂಬರ್ 15ರಿಂದ 30 ಕೋವಿಯ ಸೀಸನ್. ಈ ತಾರೀಕುಗಳನ್ನು ಎದುರಿಗಿಟ್ಟುಕೊಂಡು ಹಿಂದಕ್ಕೆ ಎಣಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಸುಮಾರು 6 ವಾರ ಕೈ ಜೋಳಿಗೆಯಲ್ಲಿ, 12ನೇ ವಾರದ ಹೊತ್ತಿಗೆ ಬಲ ತರಿಸುವ ವ್ಯಾಯಾಮ, ಹೆದೆ ಎಳೆಯಲು ಸರ್ಜನ್ ಒಪ್ಪುವುದು ಸಾಮಾನ್ಯವಾಗಿ 6 ತಿಂಗಳ ಮೇಲೆ. ಏಪ್ರಿಲ್‌ನಲ್ಲಿ ಚಿಕಿತ್ಸೆ ಆದವರಿಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ, ಕೈಯಲ್ಲಿ ಎಳೆಯುವ ಬಿಲ್ಲು) ಇಲ್ಲ ಅಂತಲೇ ಲೆಕ್ಕ. ಆ ವರ್ಷ ಕ್ರಾಸ್‌ಬೋ, ಅಂದರೆ ಕೋವಿಯಂಥ ಹಿಡಿಗೆ ಅಡ್ಡ ಕೂರಿಸಿದ, ಹೆದೆ ಏರಿಸಿಟ್ಟು ಕುದುರೆ (ಟ್ರಿಗರ್) ಒತ್ತಿ ಹೊಡೆಯುವ ಬಿಲ್ಲು.

ಮರ ಯಾಕೆ ಬಿಡಬೇಕು ಅಂದರೆ, ಏಣಿ ಹತ್ತುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಕಡೆ ಹಿಡಿತ ಇರಬೇಕು. ಒಂದು ಕೈ ತಲೆಯ ಮೇಲಕ್ಕೆ ಏಳದಿದ್ದರೆ ಅಥವಾ ಎದ್ದರೂ ಭಾರ ತಡೆಯದಿದ್ದರೆ, ಇನ್ನೊಂದು ಕೈ ಮೆಟ್ಟಿಲು ಬದಲಿಸುವ ಕ್ಷಣದಲ್ಲಿ ಉಳಿಯುವುದು ಕಾಲುಗಳು ಮಾತ್ರ. ಪೂರ್ತಿ ಮೈಯ ಹಾರ್ನೆಸ್ ನೆಲಕ್ಕೆ ಬೀಳದ ಹಾಗೆ ತಡೆಯುತ್ತದೆ, ನಿಜ. ಆದರೆ ಅದರಲ್ಲಿ ನೇತಾಡುತ್ತಿರುವವನು ಕೈಯ ಬಲದಿಂದ ಮತ್ತೆ ಮೆಟ್ಟಿಲಿಗೆ ಬರಬೇಕು. ಬರಲಾಗದೆ ಹಾಗೇ ನೇತಾಡಿದರೆ ತೊಡೆಯ ಪಟ್ಟಿ ಬಿಗಿದು ರಕ್ತಸಂಚಾರ ಕಟ್ಟುತ್ತದೆ. ಮರವನ್ನು ತಬ್ಬಿ ಮೈಯನ್ನು ಮೇಲಕ್ಕೆ ಎಳೆದುಕೊಂಡು ಹೋಗುವ ಕ್ಲೈಂಬರ್ ಸ್ಟ್ಯಾಂಡ್ ಅಂತೂ ಬೇಡವೇ ಬೇಡ. ಎತ್ತರ ಬೇಕೇ ಬೇಕು ಅನ್ನುವವರು 12 ಅಡಿಯ, ಹಿಡಿಕಂಬಿ ಇರುವ ಲ್ಯಾಡರ್ ಸ್ಟ್ಯಾಂಡನ್ನು ಬೇರೆಯವರ ಕೈಯಲ್ಲಿ ನಿಲ್ಲಿಸಿಕೊಂಡು, ಲೈಫ್‌ಲೈನ್ ಹಗ್ಗ ಹಾಕಿಯೇ ಹತ್ತಬೇಕು. ನಾನು ನೆಲಕ್ಕೆ ಇಳಿದೆ.

ನೆಲದ ಮೇಲೆ ನನ್ನದು ಗ್ರೌಂಡ್ ಬ್ಲೈಂಡ್ ಅನ್ನುವ ಬಟ್ಟೆಯ ಮರೆ. ನಾಲ್ಕು ಗೋಡೆ ಒಂದು ಚಾವಣಿ, ಒಂದೊಂದರ ಮಧ್ಯದಲ್ಲೂ ಕಡ್ಡಿಗಳು ಸೇರುವ ಒಂದು ಗುಂಡಿ, ಎಳೆದರೆ ಛತ್ರಿಯ ಹಾಗೆ ಟಕ್ಕನೆ ಹೊರಕ್ಕೆ ಬರುತ್ತದೆ. ಆ ಎಳೆತಕ್ಕೂ ಎಡಗೈಯೇ, ಎದೆಯ ಮಟ್ಟಕ್ಕಿಂತ ಮೇಲಿನದಕ್ಕೆ ಒಳಗಿನಿಂದ ಒತ್ತುವುದು. ಸೀಸನ್‌ಗೆ ಎರಡು ಮೂರು ವಾರ ಮೊದಲೇ ಹಾಕಿ, ಸುತ್ತ ಅಲ್ಲಿಯದೇ ಕೊಂಬೆ, ಒಣಹುಲ್ಲು ಆನಿಸಬೇಕು. ಹಿಂದಿನ ರಾತ್ರಿ ಹಾಕಿದ ಚೌಕಟ್ಟಾದ ಕಪ್ಪು ಆಕಾರವನ್ನು ದೊಡ್ಡ ಹೆಣ್ಣು ಜಿಂಕೆ ನೂರು ಗಜದಿಂದಲೇ ಗುರುತಿಸಿ, ಮುಂಗಾಲು ನೆಲಕ್ಕೆ ಅಪ್ಪಳಿಸಿ, ಉಸಿರು ಚಿಮ್ಮಿಸಿ ಇಡೀ ಕಾಡಿಗೆ ಸುದ್ದಿ ಮುಟ್ಟಿಸುತ್ತದೆ. ಒಳಗಿನ ನೆಲದ ಎಲೆ ಕಡ್ಡಿಗಳನ್ನೆಲ್ಲ ಕೆರೆದು ಬರಿ ಮಣ್ಣು ಮಾಡಿಕೊಳ್ಳಿ, ಪಾದ ಸರಿಸಿದರೂ ಸದ್ದಿರುವುದಿಲ್ಲ. ಬಿಲ್ಲಿನ ಸೀಸನ್‌ನಲ್ಲಿ ಒಳಗೆ ಕೂರುವವರು ಕಪ್ಪು ಅಂಗಿ ಹಾಕಬೇಕು, ಕಾಡಿನ ಬಣ್ಣದ ಅಂಗಿಯಲ್ಲ. ಹಿಂದಿನ ಕಿಟಕಿಗಳು ಪೂರ್ತಿ ಮುಚ್ಚಿರಲಿ. ಎದುರಿನ ಎರಡು ಕಿಟಕಿ ಸಾಕು. ನಾಲ್ಕೂ ತೆರೆದರೆ ಒಳಗೆ ಬೆಳಕು ತುಂಬಿ ನೀವು ಪರದೆಯ ಮೇಲಿನ ಬೊಂಬೆಯ ಹಾಗೆ ಕಾಣುತ್ತೀರಿ. ಕೋವಿಯ ಸೀಸನ್ ಬಂದಾಗ ಮೈಮೇಲೆ ಕಿತ್ತಳೆ ಬಟ್ಟೆ ಇರಲೇಬೇಕು, ಮರೆಯ ಹೊರಗೂ ಕಿತ್ತಳೆ ಬಟ್ಟೆ ಕಟ್ಟಿ, ಒಳಗೆ ಮನುಷ್ಯರಿದ್ದಾರೆ ಅಂತ ಬೇರೆ ಬೇಟೆಗಾರರಿಗೆ ತಿಳಿಯಲಿ.

ಮರೆಯನ್ನು ಯಾವ ಕೋನಕ್ಕೆ ತಿರುಗಿಸಬೇಕು ಅನ್ನುವುದು ಹೆಗಲಿನ ಮೇಲೆ ನಿಂತಿದೆ. ಬಲ ಹೆಗಲಿಗೆ ಆಯುಧ ಆನಿಸಿ ಕೂತವನು ಎಡಕ್ಕೆ ಸಲೀಸಾಗಿ ತಿರುಗುತ್ತಾನೆ, ಬಲಕ್ಕೆ ತಿರುಗಿದರೆ ತೋಳು ಮೈಯಿಂದ ದೂರ ಹೋಗಿ ಹೊಲಿಗೆಯ ಜಾಗ ಜಗ್ಗುತ್ತದೆ. ಹಾಗಾಗಿ ಜಿಂಕೆಯ ಕಾಲುದಾರಿ ಎದುರಿಗಿಂತ ಸ್ವಲ್ಪ ಎಡಕ್ಕಿರುವಂತೆ ಕಿಟಕಿ ಇಟ್ಟುಕೊಳ್ಳುತ್ತೇನೆ. ಎಡ ಹೆಗಲಿನಿಂದ ಹೊಡೆಯುವವರು ಇದನ್ನು ತಿರುವಿಕೊಳ್ಳಬೇಕು. ಕುರ್ಚಿ ತಿರುಗುವಂಥದ್ದು, ಕೈ ಆನಿಸುವ ತೋಳಿಲ್ಲದ್ದು, ನಾಲ್ಕು ಕಾಲಿಗೂ ಅಗಲ ಪಾದ ಇರುವಂಥದ್ದು. ಆಯುಧದ ಭಾರ ಪೂರ್ತಿ ಟ್ರೈಪಾಡ್ ಮೇಲೆ ಕೂರಬೇಕು. ಕ್ರಾಸ್‌ಬೋ ಸ್ಕೋಪ್ (ಗುರಿ ನೋಡುವ ದುರ್ಬೀನು) ಸಮೇತ 8 ಪೌಂಡ್ ತೂಗಿದರೂ ಭಾರವೆಲ್ಲ ಮುಂದಕ್ಕೇ ಇರುತ್ತದೆ. ಜಿಂಕೆ ಬಂದು ನಿಂತು ಐದು ನಿಮಿಷ ಅಲುಗದೆ ನೋಡುತ್ತಿರುವಾಗ ಅದನ್ನು ಕೈಯಲ್ಲಿ ಎತ್ತಿ ಹಿಡಿದಿರಲು ಒಳ್ಳೆಯ ಹೆಗಲಿಗೂ ಆಗುವುದಿಲ್ಲ.

ಈ ಮರೆಯೊಳಗೆ ಕ್ರಾಸ್‌ಬೋಗೆ ಒಂದು ಮೋಸವಿದೆ. ಸ್ಕೋಪ್ ಇರುವುದು ಬಾಣ ಹರಿಯುವ ಹಳಿಗಿಂತ ಎರಡರಿಂದ ಮೂರು ಅಂಗುಲ ಮೇಲೆ. ಸ್ಕೋಪಿನಲ್ಲಿ ಜಿಂಕೆ ನಿಚ್ಚಳವಾಗಿ ಕಾಣುತ್ತದೆ, ಆದರೆ ಬಾಣದ ಎದುರು ಕಿಟಕಿಯ ಕೆಳಗಿನ ಬಟ್ಟೆ ಇರುತ್ತದೆ. ಬಾಣ ಬಟ್ಟೆ ಸೀಳಿಕೊಂಡು ಎಲ್ಲೋ ಹೋಗುತ್ತದೆ, ಜಿಂಕೆಯ ಹೊಟ್ಟೆಗೂ ಹೋಗಬಹುದು. ಇದಕ್ಕೆ ನಾನು ಮಾಡುವುದು: ಹೆದೆ ಏರಿಸದ, ಬಾಣ ಇಲ್ಲದ ಕ್ರಾಸ್‌ಬೋವನ್ನು ಟ್ರೈಪಾಡ್ ಮೇಲಿಟ್ಟು, ಜಿಂಕೆ ಬರಬಹುದಾದ ಒಂದೊಂದು ಜಾಗಕ್ಕೂ ಗುರಿಯಿಟ್ಟು, ಆಮೇಲೆ ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ನೋಡುತ್ತೇನೆ. ಬಟ್ಟೆ ಕಂಡರೆ ಟ್ರೈಪಾಡ್ ಎತ್ತರಿಸುವುದು ಅಥವಾ ಕಿಟಕಿಯ ಬಟ್ಟೆ ಇನ್ನಷ್ಟು ಇಳಿಸುವುದು. ಎರಡು ಪಕ್ಕದ ರೆಕ್ಕೆಗಳಿಗೂ (ಬಿಲ್ಲಿನ ಬಾಗುವ ತೋಳುಗಳಿಗೂ) ಒಂದೊಂದು ಗೇಣಾದರೂ ಜಾಗ ಬಿಟ್ಟಿರಬೇಕು. ಬಿಟ್ಟಾಗ ಅವು ಹೊರಕ್ಕೆ ಸಿಡಿಯುತ್ತವೆ.

ಹೆದೆ ಏರಿಸುವುದು ದೊಡ್ಡ ವಿಷಯ. ಹೆದೆ ಎಳೆಯಲು 175 ಪೌಂಡ್ ಬಲ ಬೇಕಾದ ಕ್ರಾಸ್‌ಬೋವನ್ನು ಬರಿಗೈಯಲ್ಲಿ ಏರಿಸುವ ಮಾತೇ ಇಲ್ಲ. ಹೆದೆ ಏರಿಸಲು ಬಳಸುವ ಹಗ್ಗದ ಕಾಕರ್ ಅದನ್ನು ಅರ್ಧಕ್ಕೆ, ಅಂದರೆ ಸುಮಾರು 88 ಪೌಂಡಿಗೆ ಇಳಿಸುತ್ತದೆ. ಅದೂ ಹೊಲಿದ ಹೆಗಲಿಗೆ ಹೆಚ್ಚು. ಇನ್ನೊಂದು ತೊಂದರೆ ಅದರದ್ದು: ಎರಡು ಕೈಯ ಎಳೆತ ಸಮ ಇರದಿದ್ದರೆ ಹೆದೆ ನಡುಮಧ್ಯದಿಂದ ಪಕ್ಕಕ್ಕೆ ಸರಿದು ಕೂರುತ್ತದೆ, ಬಾಣ ಒಂದು ಪಕ್ಕಕ್ಕೆ ಹೋಗುತ್ತದೆ. ಗುರಿ ತಪ್ಪುತ್ತಿರುವುದಕ್ಕೆ ಸ್ಕೋಪೇ ಕಾರಣ ಅಂದುಕೊಂಡು ಅದನ್ನು ತಿರುಗಿಸುತ್ತಾ ಕೂತರೆ ದಿನವೇ ಮುಗಿಯುತ್ತದೆ. ಹೆದೆ ಇಳಿದಿರುವಾಗ ಹಳಿಯ ಎರಡು ಅಂಚಿಗೆ ತಾಗುವ ಜಾಗದಲ್ಲಿ ಹೆದೆಯ ಮೇಲೆ ಬಿಳಿ ಮಾರ್ಕರ್‌ನಿಂದ ಎರಡು ಗೆರೆ ಹಾಕಿಡಿ. ಏರಿಸಿದ ಮೇಲೂ ಎರಡು ಗೆರೆ ಹಳಿಗೆ ಸಮದೂರದಲ್ಲಿ ಕಂಡರೆ ಸರಿ.

ನಾನು ಇಟ್ಟುಕೊಂಡಿರುವುದು ತಿರುಗಿಸುವ ಕ್ರ್ಯಾಂಕ್. ಹಳೆಯ ಬಾವಿಯ ರಾಟೆಗೆ ಹಿಡಿ ಕೂರಿಸಿದ ಹಾಗೆ. ಮುಂದಿನ ಕೊಕ್ಕೆಯಲ್ಲಿ ಪಾದ ಊರಿ, ಕುರ್ಚಿಯಲ್ಲಿ ಕೂತೇ, ಎಡಗೈಯಲ್ಲಿ ತಿರುಗಿಸಿದರೆ ಹೆದೆ ತಾನಾಗಿ ಮೇಲೆ ಬರುತ್ತದೆ. ಎರಡು ಎಚ್ಚರಿಕೆ ಇವೆ. ಬ್ರೇಕ್ ಇಲ್ಲದ ಮಾದರಿಯಲ್ಲಿ ನಡುವೆ ಹಿಡಿ ಬಿಟ್ಟರೆ ಅದು ಹಿಮ್ಮುಖವಾಗಿ ಗರಗರ ತಿರುಗಿ ಮಣಿಕಟ್ಟು ಮುರಿಯಬಹುದು. ಇನ್ನೊಂದು, ಕ್ರ್ಯಾಂಕಿನ ಟಿಕ್ ಟಿಕ್ ಸದ್ದು ನಸುಕಿನ ಮೌನದಲ್ಲಿ ದೂರ ಹೋಗುತ್ತದೆ. ಅದಕ್ಕೆ ಬೆಳಕಾಗುವುದಕ್ಕೆ ಅರ್ಧ ಗಂಟೆ ಮೊದಲೇ ಮರೆಯೊಳಗೆ ಏರಿಸಿ ಮುಗಿಸುತ್ತೇನೆ. ಏರಿಸಿದ ಕ್ರಾಸ್‌ಬೋ ಕಾರಿನಲ್ಲಿ ಇರಕೂಡದು. ಬಾಣವಿಲ್ಲದೆ ಕುದುರೆ ಒತ್ತಿದರೆ ಇಡೀ ಆಯುಧವೇ ಒಡೆಯಬಹುದು, ಹಾಗಾಗಿ ಸಂಜೆ ಹೆದೆ ಇಳಿಸಲು ಒಂದು ಮೊಂಡು ಮೂತಿಯ ಹಳೆಯ ಬಾಣವನ್ನು ಮೆತ್ತನೆಯ ಮಣ್ಣಿಗೆ ಹೊಡೆಯುವುದು. ಎಡಗೈ ಹೆಬ್ಬೆರಳು ಯಾವಾಗಲೂ ಹಳಿಯ ಮಟ್ಟದಿಂದ ಕೆಳಗೆ. ಇದನ್ನು ಮರೆತು ಬೆರಳು ಕಳೆದುಕೊಂಡವರು ಇದ್ದಾರೆ.

ಮುಂದಿನ ವರ್ಷ ಕಾಂಪೌಂಡ್ ಬಿಲ್ಲಿಗೆ ಮರಳುವವರಿಗೆ: 60 ಪೌಂಡಿನ ಬಿಲ್ಲು ಪೂರ್ತಿ ಎಳೆದಾಗ 80 ಶೇಕಡಾ ಭಾರ ಇಳಿಸುತ್ತದೆ, ಕೈಯಲ್ಲಿ ಉಳಿಯುವುದು 12 ಪೌಂಡ್ ಮಾತ್ರ. ಅದನ್ನು ನಂಬಿ ಮೋಸಹೋಗಬೇಡಿ, ನಡುವಿನ 60 ಪೌಂಡ್ ದಾಟಿಯೇ ಅಲ್ಲಿಗೆ ಹೋಗಬೇಕು. ಎಳೆಯುವುದಕ್ಕಿಂತ ಕೆಟ್ಟದ್ದು ಹೊಡೆಯದೆ ಇಳಿಸುವುದು. ಜಿಂಕೆ ತಿರುಗಿ ಹೋಯಿತು ಅಂತ ಹೆದೆ ಬಿಟ್ಟುಕೊಡುವಾಗ 12 ಪೌಂಡ್ ಒಮ್ಮೆಲೇ 60 ಆಗಿ ತೋಳನ್ನು ಮುಂದಕ್ಕೆ ಕಿತ್ತುಕೊಂಡು ಹೋಗುತ್ತದೆ. ಹೊಲಿದ ಸ್ನಾಯು ಮತ್ತೆ ಹರಿಯುವ ಅಪಾಯ ಇಲ್ಲಿ ಹೆಚ್ಚು. ರೆಕ್ಕೆಯ ಬೋಲ್ಟುಗಳನ್ನು ಮೇಲೆ ಕೆಳಗೆ ಸಮವಾಗಿ ಸಡಿಲಿಸಬೇಕು. ಒಂದು ಪೂರ್ತಿ ಸುತ್ತಿಗೆ ಸುಮಾರು 2ರಿಂದ 3 ಪೌಂಡ್ ಇಳಿಯುತ್ತದೆ. ತಯಾರಕರು ಹೇಳಿದ ಸುತ್ತಿಗಿಂತ ಹೆಚ್ಚು ಬಿಚ್ಚಿದರೆ ರೆಕ್ಕೆ ಕಳಚಿ ಬರುತ್ತದೆ. ಅಷ್ಟಕ್ಕೂ ಸಾಕಾಗದಿದ್ದರೆ ಬೇರೆ ರೆಕ್ಕೆ ಹಾಕಿಸಬೇಕು. ನಾನು ನಿಂತದ್ದು 43 ಪೌಂಡಿಗೆ. ಪರೀಕ್ಷೆ ಹೀಗೆ: ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಗುರಿಯ ಮೇಲೆಯೇ ಇಟ್ಟು ನಿಧಾನವಾಗಿ ಎಳೆದು, ಅರ್ಧ ನಿಮಿಷ ಹಿಡಿದು, ನಿಧಾನವಾಗಿ ಇಳಿಸಬೇಕು. ಐದು ಸಲ. ಮರುದಿನ ಬೆಳಿಗ್ಗೆ ಹೆಗಲು ಏನು ಹೇಳುತ್ತದೆಯೋ ಅದೇ ಫಲಿತಾಂಶ.

ಬಿಗಿ ಇಳಿದರೆ ಬಾಣವೂ ಬದಲಾಗಬೇಕು. 60 ಪೌಂಡಿಗೆ ಹೊಂದಿದ್ದ 400 ಸ್ಪೈನಿನ (ಬಾಣದ ಬಾಗುವಿಕೆಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಬಾಣ ಮೆದು) ಬಾಣ 43ಕ್ಕೆ ಬಹಳ ಗಡಸು, 500 ಬೇಕಾಯಿತು. 400 ಗ್ರೇನ್ (ಸುಮಾರು 26 ಗ್ರಾಂ) ಬಾಣ ಸೆಕೆಂಡಿಗೆ 270 ಅಡಿ ಓಡಿದರೆ ಶಕ್ತಿ ಸುಮಾರು 65 ಫುಟ್‌ಪೌಂಡ್. 450 ಗ್ರೇನ್ ಬಾಣ 205 ಅಡಿ ಓಡಿದರೆ ಸುಮಾರು 42. ಹಗುರ ಬಾಣ ಹಾಕಿ ವೇಗ ಹೆಚ್ಚಿಸುವ ಆಸೆ ಬೇಡ, ಭಾರದ ಬಾಣ ಆಳಕ್ಕೆ ಇಳಿಯುತ್ತದೆ. ಅಲಗು ಎರಡು ಬಾಯಿಯದು, ತಾಗಿದ ಕೂಡಲೇ ಕೊಯ್ಯುವ ಸ್ಥಿರ ಅಲಗು. ಒಳಗೆ ಹೊಕ್ಕ ಮೇಲೆ ಬಿಚ್ಚಿಕೊಳ್ಳುವ ಅಲಗು ಬಿಚ್ಚಿಕೊಳ್ಳುವುದಕ್ಕೇ ಶಕ್ತಿ ಖರ್ಚು ಮಾಡುತ್ತದೆ, ನಮ್ಮ ಹತ್ತಿರ ಖರ್ಚಿಗೆ ಉಳಿದದ್ದು ಕಡಿಮೆ.

ಕೋವಿಯ ವಿಷಯ ಚಿಕ್ಕದು. 12 ಗೇಜ್ ಕೋವಿಯ ಸ್ಲಗ್‌ನ (ಒಂದೇ ದಪ್ಪ ಗುಂಡಿನ) ಒದೆತ 30 ಫುಟ್‌ಪೌಂಡ್ ದಾಟುತ್ತದೆ. .350 ಲೆಜೆಂಡ್ ಅನ್ನುವ ರೈಫಲ್ ತೋಟೆಯದು ಅದರ ಮೂರನೇ ಒಂದು ಪಾಲಿನ ಆಸುಪಾಸು, ನೂರು ಗಜದೊಳಗಿನ ಜಿಂಕೆಗೆ ಧಾರಾಳ. ನಾನು ಅದನ್ನು ಎಡ ಹೆಗಲಿಗೆ ಬದಲಿಸಿಕೊಂಡೆ. ಬಲಗಣ್ಣು ಪ್ರಬಲವಾಗಿದ್ದರೆ ಕನ್ನಡಕದ ಬಲ ಗಾಜಿನ ಮೇಲೆ ಒಂದು ಚೂರು ಮಂದ ಟೇಪ್ ಅಂಟಿಸಿದರೆ ಎಡಗಣ್ಣು ಸ್ಕೋಪ್ ಹಿಡಿಯುತ್ತದೆ. ಖಾಲಿ ಕೋವಿಯಲ್ಲಿ ದಿನಕ್ಕೆ 20 ಸಲ, ಒಂದು ತಿಂಗಳು ಅಭ್ಯಾಸ ಮಾಡಿದರೆ ಸೇಫ್ಟಿ ಗುಂಡಿ ಎಡಗೈಗೆ ತಾನಾಗಿ ಸಿಗುತ್ತದೆ.

ದೂರದ ಮಿತಿ ಕಟ್ಟುನಿಟ್ಟು. ಮೊದಲು 35 ಗಜ ಹೊಡೆಯುತ್ತಿದ್ದ ಬಿಲ್ಲು ಈಗ 20ಕ್ಕೆ ನಿಲ್ಲುತ್ತದೆ, ಕ್ರಾಸ್‌ಬೋ 30ಕ್ಕೆ. ನನ್ನ ಹೆಗಲಿನ ಕೊರತೆಗೆ ಜಿಂಕೆ ನರಳಬಾರದು. ಆ ದಿನದ ಮೊದಲ ಮೂರು ಬಾಣ, ದಪ್ಪ ಕೋಟು ಹಾಕಿ ಕೂತು, 6 ಅಂಗುಲದ ಕಾಗದದ ತಟ್ಟೆಗೆ ಬೀಳದ ದೂರ ನನ್ನ ದೂರವಲ್ಲ. ಪಕ್ಕ ತೋರಿಸಿ ನಿಂತ ಅಥವಾ ಸ್ವಲ್ಪ ಆಚೆಗೆ ತಿರುಗಿದ ಜಿಂಕೆಗೆ ಮಾತ್ರ. ಮುಂಗಾಲಿನ ಹಿಂದಿನ ಅಂಚಿನಿಂದ ನೇರ ಮೇಲಕ್ಕೆ, ಮೈಯ ಎತ್ತರದ ಮೂರನೇ ಒಂದು ಪಾಲು. ಅಟ್ಟಣೆಯಿಂದ ಹೊಡೆದು ರೂಢಿಯಾದವರು ಕೊಂಚ ಮೇಲೆ ಇಡುತ್ತಾರೆ, ನೆಲದಿಂದ ಹೊಡೆಯುವಾಗ ಅದು ಬೇಡ.

ಹೊಡೆದ ಮೇಲೆ ಬಾಣ ನೋಡಿ. ನೊರೆಯಿರುವ ತಿಳಿಗೆಂಪು ರಕ್ತ ಅಂದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೊರಡಬಹುದು. ಕಡುಗೆಂಪು ಅಂದರೆ ಯಕೃತ್ತು, ಕನಿಷ್ಠ 4 ಗಂಟೆ. ಹಸಿರು, ನಾತ ಇದ್ದರೆ ಹೊಟ್ಟೆ, 8ರಿಂದ 12 ಗಂಟೆ. ಬೇಗ ಹೋಗಿ ಎಬ್ಬಿಸಿದರೆ ಅದು ಅರ್ಧ ಮೈಲಿ ಓಡುತ್ತದೆ, ಅಷ್ಟು ದೂರದಿಂದ ಎಳೆದು ತರಲು ನಮ್ಮಲ್ಲಿ ಹೆಗಲಿಲ್ಲ.

ಕರುಳು ತೆಗೆಯುವಾಗ ಹಿಂಗಾಲೊಂದನ್ನು ಹಗ್ಗದಿಂದ ಹತ್ತಿರದ ಮರಕ್ಕೆ ಕಟ್ಟಿಬಿಟ್ಟರೆ ಹಿಡಿದುಕೊಳ್ಳುವ ಕೈ ಬೇಕಾಗುವುದಿಲ್ಲ. ಚಾಕುವಿನ ಬಾಯಿ ಮೇಲ್ಮುಖ, ತುದಿ ಎರಡು ಬೆರಳ ನಡುವೆ, ಹೊಟ್ಟೆಚೀಲ ತೂತಾಗದ ಹಾಗೆ. ಕರುಳು ತೆಗೆದರೆ 68 ಕೆ.ಜಿ. ಜಿಂಕೆ ಸುಮಾರು 53 ಕೆ.ಜಿ.ಗೆ ಇಳಿಯುತ್ತದೆ. ಕೊಂಬು ಹಿಡಿದು ಒಂದು ಕೈಯಲ್ಲಿ ಎಳೆಯುವ ಹಳೆಯ ರೂಢಿ ಬಿಟ್ಟೇಬಿಡಿ. ಹಿಮದ ಮೇಲೆ ಆಡುವ ಪ್ಲಾಸ್ಟಿಕ್ ಜಾರುಬಂಡಿ, ಆಳವಾದದ್ದು, ಅದಕ್ಕೆ ಎರಡು ಹಗ್ಗ, ಹಗ್ಗ ಸೊಂಟದ ಅಗಲ ಪಟ್ಟಿಗೆ. ಎಳೆಯುವುದು ಕಾಲು ಮತ್ತು ಸೊಂಟ, ಕೈಗಳು ಖಾಲಿ. ತಲೆ ಮುಂದಿರಲಿ. ಇಳಿಜಾರಿನಲ್ಲಿ ಬಂಡಿಯನ್ನು ಹಿಂದೆ ಬಿಟ್ಟು ಇಳಿಯಬೇಡಿ, ಹಿಂದಿನಿಂದ ಬಂದು ಕಾಲು ಹೊಡೆಯುತ್ತದೆ. ಅದನ್ನು ಮುಂದೆ ಬಿಟ್ಟು ಹಿಂದಿನಿಂದ ತಡೆಯುತ್ತಾ ಹೋಗಿ. ಮನೆಯಲ್ಲಿ ತೂಗುಹಾಕಲು ನಾಲ್ಕು ಎಳೆಯ ರಾಟೆ. ಘರ್ಷಣೆ ಬಿಟ್ಟರೆ 53 ಕೆ.ಜಿ. ಸುಮಾರು 13 ಆಗುತ್ತದೆ, ತಾನೇ ಕಚ್ಚಿಕೊಳ್ಳುವ ಹಲ್ಲು ಇರುವ ರಾಟೆಯಾದರೆ ಎಡಗೈ ನಡುವೆ ವಿಶ್ರಾಂತಿ ತೆಗೆದುಕೊಳ್ಳಬಹುದು. ಜಿಂಕೆ ಹೊಡೆದ 72 ಗಂಟೆಯೊಳಗೆ ರಾಜ್ಯಕ್ಕೆ ಆನ್‌ಲೈನ್‌ನಲ್ಲಿ ವರದಿ ಸಲ್ಲಿಸಬೇಕು. ನಾನು ಜಿಂಕೆ ತೂಗುಹಾಕಿ, ಕೈ ತೊಳೆದುಕೊಂಡು, ಹೆಗಲಿಗೆ ಐಸ್ ಇಟ್ಟುಕೊಂಡು ಕೂತಾಗಲೇ ಅದನ್ನು ಮುಗಿಸುತ್ತೇನೆ.