ಮಳೆ ಹಿಡಿಯುವ ಮೊದಲು ಬಚ್ಚಲೊಲೆ ಚಿಮಣಿ ಕೆರೆಯಿರಿ

ಬಚ್ಚಲುಮನೆಗೆ ಹೋಗಿ ಒಮ್ಮೆ ಗೋಡೆ ನೋಡಿ. ಒಲೆಯ ಹೊಗೆ ಪೈಪು ಮೇಲೆ ಹೋಗುವ ಜಾಗದಲ್ಲಿ ಕಂದು ಬಣ್ಣದ ಗೆರೆ ಇಳಿದಿದೆಯಾ? ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ? ಮಳೆನೀರು ಸೋರಿದೆ ಅಂದುಕೊಂಡು ಎಷ್ಟೋ ಜನ ಹಂಚು ಸರಿಮಾಡಿಸುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಆಮೇಲೆ ಗೊತ್ತಾಯಿತು, ಅದು ಮಳೆನೀರಲ್ಲ. ಹಸಿ ಕಟ್ಟಿಗೆಯ ಹೊಗೆ ತಣ್ಣನೆಯ ಪೈಪಿಗೆ ತಾಗಿ, ಹನಿಗಟ್ಟಿ, ಜೋಡಣೆಯ ಸಂದಿನಿಂದ ಇಳಿದದ್ದು. ಗೋಡೆ ಮೇಲೆ ಇಷ್ಟು ಕಾಣುತ್ತಿದ್ದರೆ ಪೈಪಿನ ಒಳಗೆ ಎಷ್ಟು ಅಂಟಿರಬೇಕು ನೋಡಿ.

ಅಡುಗೆಮನೆಯಲ್ಲಿ ಬಟನ್ ಒತ್ತಿದರೆ ಗುಂಯ್ ಅನ್ನುವ ಎಲೆಕ್ಟ್ರಿಕ್ ಚಿಮಣಿಯ ವಿಷಯ ಇದಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಇವತ್ತಿಗೂ ಹಂಡೆಗೋ ತಾಮ್ರದ ಬಾಯ್ಲರಿಗೋ ಬೆಂಕಿ ಹಾಕುವ ಮನೆಗಳಿಗೆ ಬರೆದದ್ದು. ಮಾಡಿನ ಮೇಲೆ ಸೋಲಾರ್ ಇದ್ದವರಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯೇ ಗತಿ, ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಒಲೆ ಜಾಸ್ತಿ ಉರಿಯುವುದೂ ಆಗಲೇ, ಕಟ್ಟಿಗೆ ತಂಡಿ ಹಿಡಿಯುವುದೂ ಆಗಲೇ, ಪೈಪು ತಣ್ಣಗಿರುವುದೂ ಆಗಲೇ. ಚಿಮಣಿ ಕಟ್ಟಿಕೊಳ್ಳಲು ಇನ್ನೇನು ಬೇಕು?

ಮಸಿಯಲ್ಲಿ ಮೂರು ಜಾತಿ

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದರೆ ಬೆಂಕಿಯ ಶಾಖವೆಲ್ಲ ಮೊದಲು ಆ ನೀರು ಆವಿಯಾಗಲು ಖರ್ಚಾಗುತ್ತದೆ. ಕಟ್ಟಿಗೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಸುಡದೆ ಉಳಿದ ಟಾರು ಇರುತ್ತದೆ. ಪೈಪಿನ ಒಳಮೈ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಟಾರು ಅಲ್ಲೇ ಅಂಟಿಕೊಳ್ಳುತ್ತದೆ. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ನಮಗೆ ಮಸಿ ಅಂದರೆ ಸಾಕು.

ಪುಡಿಮಸಿ ಗುಡಿಸಿದರೆ ಬೀಳುತ್ತದೆ. ಚಕ್ಕೆಮಸಿ ಕೆರೆದರೆ ಬೀಳುತ್ತದೆ. ಮೂರನೆಯದು ಡಾಂಬರು ಬಳಿದ ಹಾಗೆ ಹೊಳೆಯುತ್ತದೆ, ಉಗುರಿಗೂ ಬರುವುದಿಲ್ಲ, ಬ್ರಷ್ಷಿಗೂ ಬಗ್ಗುವುದಿಲ್ಲ. ಮೂರೂ ಉರಿಯುವಂಥವೇ. ಹೊಳೆಯುವುದಕ್ಕೆ ಬೆಂಕಿ ಹತ್ತಿದರೆ ಪೈಪಿನ ಒಳಗೆ 1,000 ಡಿಗ್ರಿ ದಾಟುವುದುಂಟು. ಪಕ್ಕದ ಅಟ್ಟದಲ್ಲಿ ಅಡಿಕೆ ಚೀಲ ಇಟ್ಟಿದ್ದರೆ ಮುಂದಿನದ್ದು ಹೇಳಬೇಕಿಲ್ಲ.

ಯಾವಾಗ

ಮೇ ತಿಂಗಳ ಮಧ್ಯ ಒಳ್ಳೆಯ ಸಮಯ. ತೋಟಕ್ಕೆ ಮೈಲುತುತ್ತ ಹೊಡೆಯುವ ಗಡಿಬಿಡಿ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಇದಕ್ಕೆ ಇಡಿ. ಹಿಂದಿನ ರಾತ್ರಿಯಿಂದ ಒಲೆಗೆ ಬೆಂಕಿ ಬೇಡ. ಆಷಾಢದ ನಡುವೆ ಎಂದಾದರೂ ಎರಡು ಗಂಟೆ ಬಿಸಿಲು ಬಿದ್ದರೆ ಕೆಳಗಿನಿಂದಲೇ ಒಮ್ಮೆ ಪರೀಕ್ಷೆ ಮಾಡಿ. ಪೈಪಿಗೆ ಕೋಲಿನಿಂದ ಮೆಲ್ಲಗೆ ಬಡಿಯಿರಿ. ತಗಡಿನ ಪೈಪು ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಮಸಿ ಕೂತಿದೆ. ಬುಡದ ಮುಚ್ಚಳ ತೆಗೆದು ಕೈಕನ್ನಡಿ, ಟಾರ್ಚ್ ಹಿಡಿದು ಮೇಲೆ ನೋಡಿದರೂ ತಿಳಿಯುತ್ತದೆ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಅಂದರೆ ಸುಮಾರು 3 ಮಿ.ಮೀ. ಮಸಿ ಕಂಡರೆ ಕೆರೆಯಲೇಬೇಕು. ಅದರ ಎರಡರಷ್ಟಿದ್ದರೆ ಕೆರೆಯುವವರೆಗೆ ಒಲೆ ಹಚ್ಚಬೇಡಿ.

ಮೊದಲು ಪೈಪು ಯಾವುದು ಅಂತ ನೋಡಿ

ಈ ಹೆಜ್ಜೆ ಹಾರಿಸಬೇಡಿ. ಹಳೆಯ ಮನೆಗಳಲ್ಲಿ ಬೂದು ಬಣ್ಣದ, ದಪ್ಪ ಗೋಡೆಯ ಪೈಪು ಇರುತ್ತದೆ. ನೋಡಲು ಸಿಮೆಂಟಿನ ಹಾಗೆ. ಅದು ಕಲ್ನಾರಿನ ಪೈಪು, ಅಂದರೆ ಆಸ್‌ಬೆಸ್ಟಾಸ್. ಅದನ್ನು ತಂತಿಬ್ರಷ್ಷಿನಿಂದ ಉಜ್ಜಬಾರದು. ಕೊಯ್ಯಬಾರದು, ಒಡೆಯಬಾರದು. ಅದರ ಸಣ್ಣ ನಾರು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ಬರಬಹುದು. ಜೋರು ಶಾಖಕ್ಕೆ ಆ ಪೈಪು ಪಟಾಕಿ ಹಾಗೆ ಸಿಡಿಯುವುದೂ ಇದೆ. ಹಾಗಾಗಿ ಒಲೆಗೆ ಅದು ಹೇಳಿ ಮಾಡಿಸಿದ ವಸ್ತುವೇ ಅಲ್ಲ. ನನ್ನನ್ನು ಕೇಳಿದರೆ, ಕೆರೆಯುವ ಖರ್ಚಿನ ಬದಲು ಗೊತ್ತಿರುವವರಿಂದ ಅದನ್ನು ಇಡಿಯಾಗಿ ಇಳಿಸಿ ಸ್ಟೀಲ್ ಪೈಪು ಹಾಕಿಸಿ. ಸ್ಟೇನ್‌ಲೆಸ್ ದುಬಾರಿ, ನಿಜ. ಆದರೆ ಹೊಗೆ ನೀರು ಹುಳಿ. ನಮ್ಮ ತಂಡಿಯಲ್ಲಿ ಅದು ತೆಳು ಜಿಐ (ಸತುವಿನ ಲೇಪವಿರುವ ಕಬ್ಬಿಣದ) ತಗಡನ್ನು ಸುಮ್ನೆ ಬಿಡುವುದಿಲ್ಲ.

ಕೆರೆಯುವುದು

ಬೇಕಾಗುವುದು ಇಷ್ಟು. ಪೈಪಿನ ಅಳತೆಯ ಗಟ್ಟಿ ನೈಲಾನ್ ಅಥವಾ ತಂತಿಯ ದುಂಡು ಬ್ರಷ್, ಬಳುಕುವ ಬಿದಿರಿನ ಗಳ, ಹಗ್ಗ, ಹಳೆ ಗೋಣಿ, ಕಬ್ಬಿಣದ ಬಕೆಟ್, ಒಳ್ಳೆಯ ಮಾಸ್ಕ್, ಕನ್ನಡಕ. ಬ್ರಷ್ ಸಿಗದಿದ್ದರೆ ತೆಂಗಿನಕಡ್ಡಿಯ ಗಟ್ಟಿ ಹಿಡಿಯನ್ನು ಗಳದ ತುದಿಗೆ ಬಿಗಿದರೂ ಪುಡಿಮಸಿಗೆ ಸಾಕು. ಅಡಿಕೆ ಕೊಯ್ಯುವ ದೋಟಿ ಇದೆಯಲ್ಲ ಅಂತ ಅದನ್ನು ಎತ್ತಿಕೊಳ್ಳಬೇಡಿ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಕಂಬದಿಂದ ಮನೆಗೆ ಬರುವ ವೈರು ಚಿಮಣಿಯ ಪಕ್ಕದಲ್ಲೇ ಹಾದುಹೋಗಿರುವ ಮನೆ ನಮ್ಮೂರಲ್ಲೇ ಎಷ್ಟಿಲ್ಲ!

ಸಾಧ್ಯವಾದರೆ ಕೆಳಗಿನಿಂದಲೇ ಮಾಡಿ. ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡುವುದು ಮಸಿಗಿಂತ ಅಪಾಯ. ಮೇ ತಿಂಗಳಲ್ಲಿ ಒಣಗಿದ ಹಾಗೆ ಕಾಣುತ್ತದೆ, ಒಂದೇ ಮಳೆಗೆ ಸಾಬೂನು. ಹತ್ತಲೇಬೇಕಾದರೆ ಹಂಚಿನ ಮೇಲೆ ಏಣಿ ಮಲಗಿಸಿ, ಕೆಳಗೊಬ್ಬರು ಇರಲಿ. ಕೈ ಹಾಕುವ ಮುಂಚೆ ಪೈಪಿನ ತುದಿಗೆ ಮಳೆ ತಡೆಯಲು ಹಾಕಿದ ಟೋಪಿಯ ಅಡಿಯಲ್ಲಿ ಕಣಜ ಗೂಡು ಕಟ್ಟಿದೆಯಾ ನೋಡಿ. ನಾನು ನೋಡಲಿಲ್ಲ. ಮೂರು ದಿನ ಮುಖ ಬಾತಿತ್ತು.

ಒಲೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಬಾಗಿಲು ಹಾಕಿ. ಇಲ್ಲದಿದ್ದರೆ ಮಸಿ ಒಗೆದ ಬಟ್ಟೆವರೆಗೂ ಹೋಗುತ್ತದೆ. ಬುಡದ ಮುಚ್ಚಳದಿಂದ ಬ್ರಷ್ ತೂರಿಸಿ ಒಂದೊಂದು ಮೊಳ ಮೇಲೆ ಕೆಳಗೆ ಆಡಿಸುತ್ತಾ ಹೋಗಿ. ಒಂದೇ ಸಲ ತುದಿಗೆ ನೂಕಿದರೆ ಮಸಿ ಗಂಟಾಗಿ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಣಕೈ ಪೈಪು ಇದ್ದರೆ ಅದನ್ನು ಬಿಚ್ಚಿ ಅಂಗಳಕ್ಕೆ ಒಯ್ದು ಬೇರೆಯಾಗಿ ಕೆರೆಯಿರಿ. ಹೆಚ್ಚಿನ ಮಸಿ ಕೂರುವುದೇ ಅಲ್ಲಿ. ನೀರು ಮಾತ್ರ ಹಾಕಬೇಡಿ. ಮಸಿ ನೀರಿಗೆ ಸೇರಿದರೆ ಕೆಸರಾಗಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಹೊಳೆಯುವ ಮಸಿ ಬ್ರಷ್ಷಿಗೆ ಬರದಿದ್ದರೆ ಸುತ್ತಿಗೆಯಲ್ಲಿ ಬಡಿಯುವುದು, ಬೆಂಕಿ ಹಚ್ಚಿ 'ಸುಟ್ಟು ಹಾಕೋದು' ಎರಡೂ ಬೇಡ. ಎರಡನೆಯದನ್ನು ಧೈರ್ಯವಾಗಿ ಹೇಳಿಕೊಡುವವರು ಊರಿಗೊಬ್ಬರಿರುತ್ತಾರೆ. ಒಲೆಗೆ ಹಿಡಿ ಉಪ್ಪು ಹಾಕಿ ಅನ್ನುವವರೂ ಇದ್ದಾರೆ. ಉಪ್ಪು ಮಸಿಗಿಂತ ಮೊದಲು ತಗಡನ್ನು ತಿನ್ನುತ್ತದೆ. ಆ ತುಂಡು ಪೈಪನ್ನೇ ಬದಲಿಸುವುದು ಅಗ್ಗ.

ಒಲೆಯ ಬೂದಿಯನ್ನು ತರಕಾರಿ ಮಡಿಗೆ ಹಾಕಬಹುದು, ಟಾರಿನ ಚಕ್ಕೆಯನ್ನು ಬೇಡ. ಬೂದಿಯಲ್ಲಿ ಕೆಂಡ ಒಂದೆರಡು ದಿನ ಉಳಿದಿರಬಹುದು, ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಬೇಡಿ. ಮಳೆಗಾಲದಲ್ಲಿ ಒಲೆಯಲ್ಲೇ ಬೂದಿ ಬಿಟ್ಟರೆ ಅದು ತೇವ ಎಳೆದುಕೊಂಡು ಕಬ್ಬಿಣದ ಜಾಲರಿ ತುಕ್ಕು ಹಿಡಿಯುತ್ತದೆ. ಹಂಡೆಯ ತಳದ ಮಸಿಯನ್ನೂ ಇದೇ ಗಡಿಬಿಡಿಯಲ್ಲಿ ಉಜ್ಜಿಬಿಡಿ, ನೀರು ಬೇಗ ಕಾಯುತ್ತದೆ.

ಟೋಪಿ ಮತ್ತು ಜೋಡಣೆ

ಟೋಪಿ ತೀರಾ ತಗ್ಗಿದ್ದರೆ ಹೊಗೆ ಹೊರಗೆ ಹೋಗುವುದಿಲ್ಲ, ತೀರಾ ಎತ್ತರವಿದ್ದರೆ ಗಾಳಿಮಳೆಯ ಇರಚಲು ಒಳಗೆ ಬರುತ್ತದೆ. 6 ಇಂಚಿನ ಪೈಪಿಗೆ 3-4 ಇಂಚು ಸಂದು ಇಟ್ಟು, ಟೋಪಿಯ ಅಂಚನ್ನು ಅಗಲ ಮಾಡಿಸಿ. ಹಕ್ಕಿ ಬರಬಾರದೆಂದು ಸೊಳ್ಳೆಪರದೆಯಂಥ ಸಣ್ಣ ಜಾಲರಿ ಕಟ್ಟುವುದು ಬುದ್ಧಿವಂತಿಕೆ ಅನ್ನಿಸುತ್ತದೆ. ಒಂದೇ ತಿಂಗಳಲ್ಲಿ ಟಾರು ಅದನ್ನು ಮುಚ್ಚಿಹಾಕುತ್ತದೆ. ಪೈಪಿನ ತುದಿ ಮಾಡು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲಿರಲಿ. 10 ಅಡಿ ಸುತ್ತಲಿನ ಮಾಡಿಗಿಂತ 2 ಅಡಿ ಎತ್ತರವಿರಲಿ. ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ವಾಪಸ್ ನೂಕುತ್ತದೆ.

ಇನ್ನು ಆ ಡಿಕಾಕ್ಷನ್ ಗೆರೆಗೆ ಬರೋಣ. ನಮ್ಮ ಮನೆಗೆ ಪೈಪು ಕೂರಿಸಿದವರು ಮೇಲಿನ ಪೈಪನ್ನು ಕೆಳಗಿನದರ ಹೊರಗೆ ಹೊದಿಸಿದ್ದರು. ಮಳೆಯ ಲೆಕ್ಕದಲ್ಲಿ ಅದು ಸರಿ. ಹೊಗೆ ನೀರಿನ ಲೆಕ್ಕದಲ್ಲಿ ತಪ್ಪು, ಇಳಿದದ್ದೆಲ್ಲ ಸಂದಿನಿಂದ ಹೊರಗೆ ಬರುತ್ತದೆ. ಮಾಡಿನ ಒಳಗಿನ ಭಾಗದಲ್ಲಿ ಮೇಲಿನ ಪೈಪು ಕೆಳಗಿನದರ ಒಳಗೆ ಕೂರಬೇಕು. ಆಗ ಟಾರು ಒಳಗೇ ಇಳಿದು ಒಲೆ ಸೇರಿ ಸುಟ್ಟುಹೋಗುತ್ತದೆ. ಮಾಡಿನ ಹೊರಗೂ ಹಾಗೇ ಜೋಡಿಸಿ, ಮಳೆನೀರು ಇಳಿಯದ ಹಾಗೆ ಜೋಡಣೆಯ ಮೇಲೆ ತಗಡಿನ ಬಳೆ ಸುತ್ತಿ ಶಾಖ ತಡೆಯುವ ಸೀಲೆಂಟ್ ಮೆತ್ತಿಸಿ. ಪೈಪು ಮರದ ಪಕಾಸಿಯಿಂದ, ಅಟ್ಟದ ಹಲಗೆಯಿಂದ ಒಂದೂವರೆ ಅಡಿ ದೂರವಿರಲಿ.

ಅರ್ಧ ಕೆಲಸ ಕಟ್ಟಿಗೆ ಕೊಟ್ಟಿಗೆಯಲ್ಲಿ

ಎಷ್ಟೇ ಕೆರೆದರೂ ಹಸಿ ಕಟ್ಟಿಗೆ ಹಾಕುವ ಮನೆಯಲ್ಲಿ ಒಂದೇ ತಿಂಗಳಿಗೆ ಮತ್ತೆ ಮಸಿ. ಕಟ್ಟಿಗೆಯ ತೇವ ಶೇ 20ಕ್ಕಿಂತ ಕಡಿಮೆ ಇರಬೇಕು. ಮೀಟರ್ ಬೇಡ, ಎರಡು ಸೀಳು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣಕ್ ಅನ್ನುತ್ತದೆ. ಚಳಿಗಾಲದಲ್ಲೇ ಅಕೇಶಿಯಾ ಒಡೆದು, ಸೀಳಿ, ನೆಲದಿಂದ ಒಂದಡಿ ಎತ್ತರದಲ್ಲಿ ಗಾಳಿಯಾಡುವ ಹಾಗೆ ಪೇರಿಸಿ. ಟಾರ್ಪಾಲ್ ಪೂರ್ತಿ ಹೊದಿಸಬೇಡಿ, ಒಳಗೇ ಬೆವರುತ್ತದೆ. ಗೇರುಬೀಜದ ಸಿಪ್ಪೆ ಎಣ್ಣೆಯ ಹೊಗೆ ಬಿಡುತ್ತದೆ. ಬೆಂಕಿ ಹೊತ್ತಿಸಲು ಸೈಕಲ್ ಟ್ಯೂಬಿನ ತುಂಡು, ಹಾಲಿನ ಪ್ಯಾಕೆಟ್ ಹಾಕುವ ಅಭ್ಯಾಸವಂತೂ ಬಿಟ್ಟೇಬಿಡಿ. ಒಣ ಅಡಿಕೆ ಸಿಪ್ಪೆ ಇರುವ ಊರಲ್ಲಿ ಟ್ಯೂಬು ಯಾಕೆ?

ಮಳೆಗಾಲದ ಬೆಳಿಗ್ಗೆ ಪೈಪಿನೊಳಗೆ ತಣ್ಣನೆಯ ಗಾಳಿ ಬಿರಡೆಯ ಹಾಗೆ ಕೂತಿರುತ್ತದೆ. ಮೊದಲು ಬುಡದ ಮುಚ್ಚಳದ ಬಳಿ ಎರಡು ಹಾಳೆ ಪೇಪರ್ ಉರಿಸಿ, ಹೊಗೆ ಮೇಲೆ ಎಳೆದ ಮೇಲೆ ಕಟ್ಟಿಗೆ ಇಡಿ. ಸಣ್ಣ ಸೀಳಿನ ಜೋರು ಬೆಂಕಿ ಒಳ್ಳೆಯದು. ದೊಡ್ಡ ಕುಂಟೆ ತುರುಕಿ ರಾತ್ರಿಯಿಡೀ ಹೊಗೆಯಾಡಿಸುವುದೇ ಡಾಂಬರು ಮಸಿಯ ತಾಯಿ. ಕಿಟಕಿ ಒಂದಿಷ್ಟು ತೆರೆದಿರಲಿ. ಸ್ನಾನದ ಮಧ್ಯೆ ತಲೆನೋವು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ಪೈಪು ಗೋ ಅಂತ ಸದ್ದು ಮಾಡುತ್ತಾ ತುದಿಯಿಂದ ಕಿಡಿ ಹಾರಿದರೆ ಒಳಗೆ ಬೆಂಕಿ ಹತ್ತಿದೆ. ಪೈಪಿಗೆ ನೀರು ಎರಚಬೇಡಿ. ಒಲೆಯ ಬೆಂಕಿಗೆ ಬೂದಿಯೋ ಮರಳೋ ಸುರಿದು, ಗಾಳಿ ಹೋಗದ ಹಾಗೆ ಬಾಯಿ ಮುಚ್ಚಿ, ಎಲ್ಲರನ್ನೂ ಅಂಗಳಕ್ಕೆ ಕರೆದು 101 ಅಥವಾ 112ಕ್ಕೆ ಫೋನ್ ಮಾಡಿ. ಆರಿದ ಮೇಲೂ ಅಟ್ಟವನ್ನು ಕೆಲವು ಗಂಟೆ ನೋಡುತ್ತಿರಿ. ಪೈಪನ್ನು ಯಾರಾದರೂ ಪರೀಕ್ಷಿಸುವವರೆಗೆ ಒಲೆ ಹಚ್ಚುವ ಹಾಗಿಲ್ಲ.

ಎರಡನೇ ಸಲ ಕೆರೆಯುವ ದಿನವನ್ನು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೀರಲ್ಲ, ಅದರ ಹಿಂದಿನ ದಿನ ಮಾಡಿ ಮುಗಿಸಿ. ಹಂಡೆಗೆ ಹಿಂಡಲೆ ಬಳ್ಳಿ ಸುತ್ತಿ, ರಂಗೋಲಿ ಹಾಕಿದ ಮೇಲೆ ಬ್ರಷ್ ಹಿಡಿದು ಬಚ್ಚಲಿಗೆ ಹೋದರೆ ಮನೆಯವರು ಒಳಗೆ ಬಿಡುವುದಿಲ್ಲ.