ದುರ್ಗದ ‘ಗಾಳಿ’ ಜಾಗಗಳನ್ನು ನೋಡುವ ಕ್ರಮ

ದೆವ್ವ ಎಂದು ಬಾಯಿಬಿಟ್ಟು ಹೇಳಲು ಹಿಂಜರಿಯುವವರು ‘ಗಾಳಿ’ ಎನ್ನುತ್ತಾರೆ. ಗಾಳಿ ಸೋಕೈತೆ, ಅಲ್ಲಿ ಗಾಳಿ ಐತೆ, ಹೊತ್ತು ಮುಳುಗಿದ ಮೇಲೆ ಹೋಗಬ್ಯಾಡ್ರಿ. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿಯ ಗುಹೆ, ಜೋಗಿಮಟ್ಟಿಯ ದಾರಿ, ಇವೆಲ್ಲ ಇಂಥ ಮಾತಿಗೆ ಹೇಳಿ ಮಾಡಿಸಿದ ಜಾಗಗಳು. ಅಲ್ಲಿ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತದೆ, ಬಿರುಬಿಸಿಲಲ್ಲೂ ಕುತ್ತಿಗೆಗೆ ತಂಪು ತಾಗುತ್ತದೆ, ಕತ್ತಲಲ್ಲಿ ದೀಪ ಓಡಾಡುತ್ತದೆ. ಹಾಗೆ ಅನುಭವ ಆದವರು ಸುಳ್ಳು ಹೇಳುತ್ತಿಲ್ಲ. ಆದರೆ ಅದರಲ್ಲಿ ಬಹುಪಾಲನ್ನು ಅಲ್ಲೇ ನಿಂತು ಪರೀಕ್ಷೆ ಮಾಡಿ ತಿಳಿಯಬಹುದು. ತಿಳಿದ ಮೇಲೆ ಉಳಿಯುವುದು ಅಲ್ಲಿ ಬದುಕಿ ಸತ್ತವರ ಕಥೆ. ಅದಕ್ಕೆ ಸಲ್ಲಬೇಕಾದ ಮರ್ಯಾದೆ ಬೇರೆಯೇ.

ಹೊತ್ತು ಮತ್ತು ಸಾಮಾನು

ಕೋಟೆ ತೆರೆದಿರುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ರಾತ್ರಿ ಒಳಗೆ ಉಳಿಯುವಂತಿಲ್ಲ. ಬಂಡೆಯ ಮರೆಯಲ್ಲಿ ಅಡಗಿ ಕೂತು ‘ರಾತ್ರಿ ದೆವ್ವ’ದ ವಿಡಿಯೋ ಮಾಡುವ ಆಸೆ ಇದ್ದರೆ ಅದನ್ನು ಬಿಟ್ಟೇ ಬನ್ನಿ. ಮುಸ್ಸಂಜೆಯ ಬೆಳಕನ್ನು ಕೋಟೆಯೊಳಗೇ ನೋಡಬೇಕೆಂದರೆ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಮೊದಲ ವಾರದೊಳಗೆ ಬರಬೇಕು. ಆಗ 6 ಗಂಟೆಗೆ ಐದಾರು ನಿಮಿಷ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ಬಂದರೆ ಬಾಗಿಲು ಹಾಕುವ ಹೊತ್ತಿಗೆ ಇನ್ನೂ ಚೆನ್ನಾಗಿ ಬಿಸಿಲಿರುತ್ತದೆ, ಮುಸ್ಸಂಜೆ ಸಿಗುವುದಿಲ್ಲ.

ಬೆಳಿಗ್ಗೆ 10ಕ್ಕೆ ಚಂದ್ರವಳ್ಳಿ, ಮಧ್ಯಾಹ್ನ 2ರಿಂದ ಕೋಟೆ. ಈ ಕ್ರಮ ಅನುಕೂಲ. ಕೋಟೆಯನ್ನು ಆತುರವಿಲ್ಲದೆ ಸುತ್ತಲು ಮೂರೂವರೆ ಗಂಟೆ ಬೇಕೇ ಬೇಕು.

ತಲೆಗೆ ಎರಡು ಲೀಟರ್ ನೀರು, ರಬ್ಬರ್ ಅಡಿಯ ಶೂ, ಇಬ್ಬರಿಗೊಂದು ಟಾರ್ಚ್, ಜೊತೆಗೆ ಹಣೆಗೆ ಕಟ್ಟುವ ಟಾರ್ಚ್ ಒಂದು. ಮೊಬೈಲ್ ಬೆಳಕನ್ನು ನಂಬಬೇಡಿ. ಅದು ನಾಲ್ಕು ಹೆಜ್ಜೆಯ ಆಚೆ ಮಂಕಾಗುತ್ತದೆ, ಕೈ ಜಾರಿ ಬಿದ್ದರೆ ಬೆಳಕೂ ಹೋಯಿತು, ಫೋನೂ ಹೋಯಿತು. ಒಂದು ಗೇಣು ಹತ್ತಿ ದಾರ, ಗೋಡೆಗೆ ತೂಗುಹಾಕುವಂಥ ಸಾಧಾರಣ ಥರ್ಮಾಮೀಟರ್, ಒಂದು ಪುಸ್ತಕ, ಪೆನ್ಸಿಲ್. ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಕ್ಕಿಸಿಕೊಂಡು ಹತ್ತಬೇಡಿ. ಕೋತಿಗೆ ಆ ಚೀಲದ ಚರಚರ ಸದ್ದೇ ಸಾಕು.

ಚಂದ್ರವಳ್ಳಿ: ಅಂಕಲಿ ಮಠ

ಚಂದ್ರವಳ್ಳಿಯ ಗುಹೆಗೆ ಅಂಕಲಿ ಮಠ ಎನ್ನುತ್ತಾರೆ. ಇಲ್ಲಿ ಭಯ ಹುಟ್ಟುವುದು ಸಹಜ. ಬಂಡೆಗಳ ಕೆಳಗೆ ಮೆಟ್ಟಿಲಿಳಿದರೆ ಒಂದರೊಳಗೊಂದು ಕೋಣೆ, ತಗ್ಗಿನ ಬಾಗಿಲುಗಳು, ಟಾರ್ಚ್ ಆರಿಸಿದರೆ ನಮ್ಮ ಕೈ ನಮಗೇ ಕಾಣದಷ್ಟು ಕತ್ತಲು. ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಇಳಿಯಬೇಡಿ. ಹಣದ ಮಾತು ಹೊರಗೇ ಮುಗಿಸಿ.

ಬಿಸಿಲಿಂದ ಬಂದವರು ನೆಟ್ಟಗೆ ಒಳನುಗ್ಗಿದರೆ ಮೊದಲ ಬಾಗಿಲಲ್ಲೇ ಹಣೆ ಬಡಿಯುತ್ತದೆ. ಗುಹೆಯ ಬಾಯಲ್ಲಿ ಐದು ನಿಮಿಷ ನಿಲ್ಲಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ನಡುವೆ ಯಾರೋ ಒಬ್ಬರು ಫ್ಲ್ಯಾಶ್ ಹೊಡೆದರೆ ಮತ್ತೆ ಮೊದಲಿಂದ ಶುರು. ಹೀಗೆ ಅರ್ಧ ಕುರುಡಾದ ಕಣ್ಣಿಗೇ ಮೂಲೆಯಲ್ಲಿ ಯಾರೋ ಕೂತಂತೆ ಕಾಣುವುದು. ಹಗ್ಗ ಹಾವಾಗುವ ಮಾತು ಇಲ್ಲಿ ಅಕ್ಷರಶಃ ನಿಜ.

ಗುಂಪು ಆರು ಜನ ಮೀರಬಾರದು. ಪ್ರತಿ ಬಾಗಿಲು ದಾಟುವಾಗಲೂ ಕೊನೆಯವರು ಹೊಸ್ತಿಲಲ್ಲೇ ನಿಂತು ತಲೆ ಎಣಿಸಬೇಕು. ದಾರಿ ತಪ್ಪುವುದು ಒಳಗೆ ಹೋಗುವಾಗಲ್ಲ, ವಾಪಸು ಬರುವಾಗ, ಏಕೆಂದರೆ ಅದೇ ಬಾಗಿಲು ಹಿಂದಿನಿಂದ ಬೇರೆ ಥರ ಕಾಣುತ್ತದೆ. ಮುಂದೆ ಹೋಗುವಾಗಲೇ ಒಮ್ಮೊಮ್ಮೆ ಹಿಂದಕ್ಕೆ ತಿರುಗಿ ನೋಡಿಕೊಳ್ಳಿ. ಗೋಡೆ ಸವರಿಕೊಂಡು ನಡೆಯಬೇಡಿ: ಹಳೆಯ ಬಣ್ಣದ ಕುರುಹುಗಳು ಬೆವರು ಕೈಗೆ ಅಳಿಯುತ್ತವೆ. ಊದಿನಕಡ್ಡಿ, ಕರ್ಪೂರ, ಮೇಣದಬತ್ತಿ ಯಾವುದೂ ಬೇಡ. ಗಾಳಿಯಾಡದ ಜಾಗದಲ್ಲಿ ಹೊಗೆ ನಿಂತರೆ ತಲೆ ಭಾರವಾಗುತ್ತದೆ, ಉಸಿರು ಕಟ್ಟುತ್ತದೆ, ಆಮೇಲೆ ‘ಎದೆ ಮೇಲೆ ಏನೋ ಕೂತಂಗಾಯ್ತು’ ಎನ್ನುವ ಮಾತು ಹುಟ್ಟುತ್ತದೆ. ಯಾರಿಗಾದರೂ ಹಾಗನಿಸಿದರೆ ವಾದ ಮಾಡದೆ ತಕ್ಷಣ ಮೇಲಕ್ಕೆ ಕರೆದುಕೊಂಡು ಬನ್ನಿ.

ತಂಪಿನ ಪರೀಕ್ಷೆ ಹೀಗೆ: ಹೊರಗೆ ನೆರಳಲ್ಲಿ ಥರ್ಮಾಮೀಟರನ್ನು ಹತ್ತು ನಿಮಿಷ ಇಟ್ಟು ಓದಿ ಬರೆದುಕೊಳ್ಳಿ. ಒಳಗೆ, ಜನರ ಮೈಯಿಂದ ದೂರ, ಮತ್ತೆ ಹತ್ತು ನಿಮಿಷ ಇಡಿ. ದಪ್ಪ ಬಂಡೆಯ ಒಡಲಲ್ಲಿ ಬಿಸಿ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಏಪ್ರಿಲ್ ಮಧ್ಯಾಹ್ನ ಒಳಗೆ ತಂಪು, ಡಿಸೆಂಬರ್ ನಸುಕಿನಲ್ಲಿ ಅದೇ ಕೋಣೆ ಬೆಚ್ಚಗೆ. ಎರಡೂ ಕಾಲದ ಅಂಕಿ ನಿಮ್ಮ ಪುಸ್ತಕದಲ್ಲಿದ್ದರೆ ಯಾರಿಗಾದರೂ ತೋರಿಸಬಹುದು. ಫೋಟೋದಲ್ಲಿ ಬೆಳ್ಳನೆ ಗುಂಡು ಚುಕ್ಕಿಗಳು ಬಂದರೆ ಅವು ಲೆನ್ಸಿನ ಹತ್ತಿರವೇ ಹಾರುವ ದೂಳು. ಫ್ಲ್ಯಾಶ್ ಆರಿಸಿ ಅದೇ ಜಾಗದ ಇನ್ನೊಂದು ಫೋಟೋ ತೆಗೆಯಿರಿ, ಚುಕ್ಕಿ ಇರುವುದಿಲ್ಲ.

ದೆವ್ವದ ಗುಂಗಿನಲ್ಲಿ ಚಂದ್ರವಳ್ಳಿಯ ನಿಜವಾದ ಸಂಪತ್ತನ್ನು ನೋಡದೆ ಬರುವವರು ಬಹಳ. ಕದಂಬ ಮಯೂರಶರ್ಮನ ಕೆರೆಯ ವಿಷಯದ ಶಾಸನ ಇಲ್ಲೇ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿದೆ. ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಈ ಮಣ್ಣಲ್ಲಿ ಸಿಕ್ಕಿವೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದರು.

ಕೋಟೆ: ಹಿಂಬಾಲಿಸುವ ಹೆಜ್ಜೆ

ಕೋಟೆಯ ಬಾಗಿಲುಗಳ ದಾರಿ ನೆಟ್ಟಗಿಲ್ಲ. ಶತ್ರು ನುಗ್ಗಿ ಬರಬಾರದೆಂದು ಎತ್ತರದ ಗೋಡೆಗಳ ನಡುವೆ ತಿರುವು ಮುರುವಾಗಿ ಕಟ್ಟಿದ್ದಾರೆ. ಜನ ಕಡಿಮೆ ಇರುವಾಗ ಇಲ್ಲಿ ಒಬ್ಬರೇ ನಡೆದರೆ ಹಿಂದೆ ಇನ್ಯಾರೋ ನಡೆದಂತೆ ಕೇಳುತ್ತದೆ. ಥಟ್ಟನೆ ನಿಂತುಬಿಡಿ. ನೀವು ನಿಂತ ಮೇಲೆ ಒಂದೇ ಹೆಜ್ಜೆ ಹೆಚ್ಚು ಕೇಳಿ ನಿಂತರೆ ಅದು ಮಾರ್ದನಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಗೋಡೆ 17 ಮೀಟರಿಗಿಂತ ದೂರವಿದ್ದರೆ ಮರಳಿದ ಸದ್ದು ಬೇರೆಯಾಗಿ ಕೇಳುತ್ತದೆ, ಹತ್ತಿರವಿದ್ದರೆ ಮೂಲ ಸದ್ದಿನಲ್ಲೇ ಬೆರೆತುಹೋಗುತ್ತದೆ. ಒಂದೇ ಒಂದು ಚಪ್ಪಾಳೆ ತಟ್ಟಿ, ಹತ್ತು ಹೆಜ್ಜೆ ಸರಿದು ಮತ್ತೆ ತಟ್ಟಿ. ಮಾರ್ದನಿಯಾದರೆ ಚಪ್ಪಾಳೆಗೂ ಮರಳಿದ ಸದ್ದಿಗೂ ನಡುವಿನ ಅಂತರ ಬದಲಾಗುತ್ತದೆ.

ಚಪ್ಪಾಳೆಗೂ ಮೊದಲು ಮೇಲೆ ನೋಡಿ. ಬಂಡೆಯ ಚಾಚಿನ ಕೆಳಗೆ ಕರಿ ಕಂಬಳಿ ತೂಗುಹಾಕಿದಂತೆ ಹೆಜ್ಜೇನು ಕಟ್ಟಿದ್ದರೆ ಚಪ್ಪಾಳೆಯೂ ಬೇಡ, ಕೂಗೂ ಬೇಡ. ದುರ್ಗದಲ್ಲಿ ದೆವ್ವಕ್ಕಿಂತ ಹೆಜ್ಜೇನಿಗೆ ಹೆದರಬೇಕು. ಎದ್ದರೆ ಮುಖ ಮುಚ್ಚಿಕೊಂಡು ದೂರಕ್ಕೆ ಓಡಿ, ಹೊಂಡಕ್ಕೆ ಹಾರಬೇಡಿ. ಮುಳ್ಳನ್ನು ಹಿಂಡದೆ ಉಗುರಿನಿಂದ ಕೆರೆದು ತೆಗೆಯಿರಿ. ಹತ್ತಕ್ಕಿಂತ ಹೆಚ್ಚು ಕಡಿತವಾಗಿದ್ದರೆ ಅಥವಾ ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ.

ಸಂಜೆ ಹೊತ್ತು ಬಂಡೆಗಳ ಕಡೆಯಿಂದ ‘ಟಕ್’ ಎಂದು ಕೇಳಿದರೆ ಅದು ಕಾದ ಕಲ್ಲು ತಣಿಯುವಾಗ ಬರುವ ಸದ್ದೂ ಆಗಿರಬಹುದು. ಮಗು ಅತ್ತಂತೆ ದೂರದಿಂದ ಕೇಳುವುದು ನವಿಲಿನ ಕೂಗು. ಬಂಡೆಯ ಸಂದಿನಿಂದ ಬರುವ ಗಂಭೀರ ‘ಬುಬೋ’ ಕೊಂಬಿನ ಗೂಬೆಯದು.

ಓಬವ್ವನ ಕಿಂಡಿ

ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ. ದಾರವನ್ನು ಎರಡು ಬೆರಳಲ್ಲಿ ಹಿಡಿದು ಕಿಂಡಿಯ ಬಾಯಿಗೆ ಒಡ್ಡಿ. ಹೊರಗೆ ಎಲೆ ಅಲುಗದಿದ್ದಾಗಲೂ ದಾರ ಒಂದು ಕಡೆಗೆ ವಾಲುವುದುಂಟು. ಅಗಲ ಜಾಗದ ಗಾಳಿ ಇಕ್ಕಟ್ಟಿಗೆ ನುಗ್ಗುವಾಗ ವೇಗ ಹೆಚ್ಚುತ್ತದೆ, ಬೆವರಿದ ಕುತ್ತಿಗೆಗೆ ಅದೇ ತಣ್ಣಗೆ ತಾಗುವುದು. ಇನ್ನೊಂದು ಪರೀಕ್ಷೆ: ಒಬ್ಬರು ಕೆಳಗಿನ ಬಾಯಲ್ಲಿ ಮೆಲ್ಲಗೆ ಮಾತಾಡಲಿ, ಇನ್ನೊಬ್ಬರು ಮೇಲೆ ಕಿವಿಗೊಡಲಿ. ಮಾತು ತಿಳಿಯದಿದ್ದರೂ ದನಿಯ ಗುಜುಗುಜು ಏರಿ ಬರುತ್ತದೆ.

ಆ ಗುಜುಗುಜುವನ್ನು ಕೇಳಿಯೇ ಓಬವ್ವ ಎಚ್ಚೆತ್ತದ್ದು ಎನ್ನುತ್ತದೆ ಕಥೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಬಂದಿದ್ದಳು, ಕಿಂಡಿಯಲ್ಲಿ ಹೈದರನ ಸೈನಿಕನ ತಲೆ ತೂರಿತು, ಒನಕೆ ಕೈಗೆ ಬಂತು. ಇಂಥ ಜಾಗಕ್ಕೆ ‘ಹಾಂಟೆಡ್’ ಎಂದು ಹೆಸರಿಟ್ಟು ರೀಲ್ಸ್ ಮಾಡುವುದು ಊರವರ ಮನಸ್ಸು ನೋಯಿಸುತ್ತದೆ. ಓಬವ್ವ ಇಲ್ಲಿಯ ಜನಕ್ಕೆ ಮನೆಮಗಳು, ತಾಯಿ. ದೆವ್ವದ ಕಥೆಗೆ ಅವಳ ಹೆಸರು ಅಂಟಿಸಬೇಡಿ.

ಅಕ್ಕ ತಂಗಿ ಹೊಂಡಕ್ಕೂ ಇದೇ ಮಾತು. ಕೋಟೆ ಬಿದ್ದಾಗ ಮದಕರಿ ನಾಯಕನ ರಾಣಿಯರು ಇಲ್ಲಿ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ದಂಡೆಯ ಮೆಟ್ಟಿಲುಗಳು ಪಾಚಿ ಕಟ್ಟಿ ಜಾರುತ್ತವೆ. ನೀರಿನಂಚಿನ ಮೂರು ಮೆಟ್ಟಿಲು ಬಿಟ್ಟು ಮೇಲೆ ನಿಲ್ಲಿ, ಸೆಲ್ಫಿಗೆಂದು ಹಿಂದೆ ಹಿಂದೆ ಸರಿಯಬೇಡಿ. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು, ಭೀಮನ ಭೇರಿ ಎಂದು ತೋರಿಸುವ ವಸ್ತುಗಳನ್ನು ಕೇಳಿ ನೋಡಿ, ರಕ್ಕಸನ ಕಥೆ ಅಲ್ಲಿಯದು.

ಕಥೆ ಕೇಳಿ ಬರೆದುಕೊಳ್ಳುವುದು

‘ಇಲ್ಲಿ ದೆವ್ವ ಐತಾ?’ ಎಂದು ಕೇಳಿದರೆ ನಕ್ಕು ಕಳಿಸುತ್ತಾರೆ, ಇಲ್ಲವೇ ನಿಮಗೆ ಬೇಕಾದ್ದನ್ನು ಹೇಳುತ್ತಾರೆ. ‘ಅಜ್ಜಾರೆ, ಈ ಜಾಗಕ್ಕೆ ನಿಮ್ಮ ಮನೆಯೋರು ಯಾಕೆ ಬಿಡ್ತಿರಲಿಲ್ಲ?’ ಎಂದು ಕೇಳಿ. ಯಾರು ಹೇಳಿದ್ದು, ಸ್ವತಃ ಕಂಡದ್ದೋ ಕೇಳಿದ್ದೋ, ಯಾವ ತಿಂಗಳು, ಯಾವ ಹೊತ್ತು, ಈ ನಾಲ್ಕನ್ನೂ ಅಂದೇ ಬರೆಯಿರಿ. ಆಮೇಲೆ ಚರಿತ್ರೆಯ ಜೊತೆ ಹೋಲಿಸಿ. ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಕೊನೆಯ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, ಅವನು ಮರಳಲಿಲ್ಲ. ಮದಕರಿ ಸತ್ತ ಕಲ್ಲು ಇದೇ ಎಂದು ಯಾರಾದರೂ ಕೋಟೆಯೊಳಗೆ ತೋರಿಸಿದರೆ ಅದು ಚರಿತ್ರೆಗೆ ಹೊಂದುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ.

ಗಾಳಿ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಕಂಡರೆ ಪೊಲೀಸರಿಗೆ ತಿಳಿಸಿ. ಬಂಡೆಯ ಮೇಲೆ ಹೆಸರು ಕೆತ್ತಿದರೆ ಸ್ಮಾರಕ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಗುಡ್ಡದ ಮೇಲಿನ ದೀಪ

ಕೆಳಗಿಳಿದು ಊರಿಂದ ನೋಡಿದರೆ ಜೋಗಿಮಟ್ಟಿ ಕಡೆಯ ಗುಡ್ಡದ ಸಾಲಲ್ಲಿ ಗಾಳಿಯಂತ್ರಗಳಿವೆ. ಗೋಪುರದ ಮೇಲಿನ ಕೆಂಪು ದೀಪ ಮಿನುಗಿದರೆ, ಹೊಸಬರು ಕೊಳ್ಳಿದೆವ್ವ ಎಂದುಕೊಂಡರೂ ಆಶ್ಚರ್ಯವಿಲ್ಲ. ಕಗ್ಗತ್ತಲಲ್ಲಿ ಒಂಟಿ ದೀಪವನ್ನೇ ದಿಟ್ಟಿಸಿದರೆ, ಅದು ನಿಂತಲ್ಲೇ ಇದ್ದರೂ, ಅರ್ಧ ನಿಮಿಷದಲ್ಲಿ ತೇಲತೊಡಗಿದಂತೆ ಕಾಣುತ್ತದೆ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಾಗ ಕಣ್ಣು ಹಾಗೆ ಮೋಸಹೋಗುತ್ತದೆ. ಗೋಡೆಯಂಚಿಗೋ ಕರೆಂಟ್ ಕಂಬಕ್ಕೋ ತಲೆ ಆನಿಸಿ, ಅದರ ಅಂಚಿಗೆ ದೀಪವನ್ನು ತಾಗಿಸಿದಂತೆ ನೋಡಿ. ಎರಡು ನಿಮಿಷವಾದರೂ ಅಂಚು ಬಿಟ್ಟು ಸರಿಯದಿದ್ದರೆ ಅದು ನಿಂತ ದೀಪ. ನಿಜಕ್ಕೂ ಸರಿದರೆ ವಾಹನವೋ, ಬ್ಯಾಟರಿ ಹಿಡಿದವರೋ ಇರಬೇಕು. ಯಾರೆಂದು ನೋಡಲು ಆ ಹೊತ್ತಲ್ಲಿ ಕಾಡಿನ ಕಡೆ ಹೋಗಬೇಡಿ. ಜೋಗಿಮಟ್ಟಿ ಕರಡಿ ಮತ್ತು ಚಿರತೆಗಳ ಕಾಡು, ಕರಡಿ ಹೊಟ್ಟೆಪಾಡಿಗೆ ಹೊರಡುವುದು ಆ ಹೊತ್ತಿಗೇ.